ಎಲ್ಲವನ್ನೂ ಸಿಂಕ್ ಮಾಡಬಾರದು: ನಾಲ್ಕು ಸಾಧನ, ಒಂದೇ ಕೆಲಸದ ಫೋಲ್ಡರ್

ಕೆಲಸದ ಫೈಲುಗಳನ್ನು ಕ್ಲೌಡ್ ಸಿಂಕ್‌ಗೆ, ಅಂದರೆ ಒಂದು ಕಡೆ ತಿದ್ದಿದ್ದನ್ನು ಇಂಟರ್ನೆಟ್ ಮೂಲಕ ಎಲ್ಲ ಸಾಧನಗಳಿಗೂ ತಲುಪಿಸುವ ಸೇವೆಗೆ, ಒಪ್ಪಿಸಿದರೆ ಒಂದಲ್ಲ ಒಂದು ದಿನ ಕೈಕೊಡುತ್ತದೆ, ಪೆನ್‌ಡ್ರೈವೇ ವಾಸಿ ಎಂದು ನನಗೆ ಬುದ್ಧಿ ಹೇಳಿದವರು ಹಲವರು. ಅವರ ಮಾತು ಪೂರ್ತಿ ತಪ್ಪಲ್ಲ, ನನ್ನ ಮೊದಲ ಎರಡು ಏರ್ಪಾಡುಗಳು ನಿಜಕ್ಕೂ ಕೈಕೊಟ್ಟವು. ಮೂರನೆಯದು ಹೆಚ್ಚುಕಡಿಮೆ 26 ತಿಂಗಳಿಂದ ನಡೆಯುತ್ತಿದೆ. ಆಫೀಸಿನ ವಿಂಡೋಸ್ ಡೆಸ್ಕ್‌ಟಾಪ್, ಒಂದು ಮ್ಯಾಕ್, ಒಂದು ಲಿನಕ್ಸ್ ಲ್ಯಾಪ್‌ಟಾಪ್, ಒಂದು ಆಂಡ್ರಾಯ್ಡ್ ಫೋನ್. ಡ್ರಾಯಿಂಗ್, ಅಳತೆ ಪಟ್ಟಿ, ಅಂದಾಜು, ಬಿಲ್ಲು ಎಲ್ಲ ನಾಲ್ಕರಲ್ಲೂ ಒಂದೇ. ಇಷ್ಟು ದಿನದಲ್ಲಿ ಒಂದು ಫೈಲೂ ಕಳೆದಿಲ್ಲ. ಇಷ್ಟು ಗಟ್ಟಿಯಾಗಿ ಹೇಳಬಲ್ಲವರು ನನ್ನ ಸುತ್ತ ಬೇರೆ ಯಾರೂ ಇಲ್ಲ.

ಕ್ಲೈಂಟ್ (ಸಿಂಕ್ ನಡೆಸುವ ತಂತ್ರಾಂಶ) ಹಾಕುವುದು, ಲಾಗಿನ್ ಆಗುವುದು ಎಲ್ಲರಿಗೂ ಗೊತ್ತು. ಕಷ್ಟ ಇರುವುದು ಏನನ್ನು ಸಿಂಕ್ ಮಾಡಬಾರದು ಎಂದು ತೀರ್ಮಾನಿಸುವುದರಲ್ಲಿ.

ಮೊದಲ ಸಲ ಡಾಕ್ಯುಮೆಂಟ್ಸ್ ಫೋಲ್ಡರನ್ನು ಇಡಿಯಾಗಿ ಎತ್ತಿ ಹಾಕಿದ್ದೆ. ಸುಮಾರು 600 ಜಿಬಿ. ಅದರೊಳಗೆ ಎಲ್ಲ ಮೇಲ್‌ಗಳನ್ನೂ ಒಟ್ಟಿಗೆ ಹಿಡಿದಿಡುವ 9 ಜಿಬಿಯ ಪಿಎಸ್‌ಟಿ ಫೈಲೂ ಇತ್ತು, ಲೆಕ್ಕದ ಸಾಫ್ಟ್‌ವೇರ್‌ನ ಡೇಟಾ ಫೋಲ್ಡರೂ ಇತ್ತು. ಒಂದು ಮೇಲ್ ಬಂದರೂ ಪಿಎಸ್‌ಟಿ ಬದಲಾಯಿತೆಂದೇ ಲೆಕ್ಕ. ಮೇಲ್ ತಂತ್ರಾಂಶ ತೆರೆದಿರುವಷ್ಟು ಹೊತ್ತು ಆ ಫೈಲನ್ನು ಬಿಗಿಯಾಗಿ ಹಿಡಿದಿರುತ್ತದೆ, ಮುಚ್ಚಿದ ಕೂಡಲೇ ಅಪ್‌ಲೋಡ್ ಶುರುವಾಗುತ್ತದೆ, ಬೇರೆಲ್ಲ ಫೈಲು ಅದರ ಹಿಂದೆ ಸಾಲು ನಿಲ್ಲುತ್ತವೆ. ಲೆಕ್ಕದ ಸಾಫ್ಟ್‌ವೇರ್‌ನ ಡೇಟಾಬೇಸ್ ಇನ್ನೂ ಅಪಾಯ. ಅದು ಬರೀ ಒಂದು ಫೈಲಲ್ಲ, ಒಂದಕ್ಕೊಂದು ತಾಳೆಯಾಗಬೇಕಾದ ಫೈಲುಗಳ ಗುಂಪು. ಸಿಂಕ್ ಅವನ್ನು ಒಂದೊಂದಾಗಿ ಕಳಿಸುತ್ತದೆ. ಐದು ಹೊಸದು ಬಂದು, ಎರಡು ಹಳೆಯದೇ ಉಳಿದಿರುವಾಗ ಇನ್ನೊಂದು ಕಡೆ ತೆರೆದರೆ ಡೇಟಾ ಕೆಟ್ಟಿತು. ನನಗೆ ಎರಡು ವಾರದ ನಮೂದು ಮತ್ತೆ ಹೊಡೆಯಬೇಕಾಯಿತು. ಆಕ್ಸೆಸ್, ಎಸ್‌ಕ್ಯೂಲೈಟ್ ಡೇಟಾಬೇಸ್, ಫೋಟೋಗಳ ಲೈಟ್‌ರೂಮ್ ಕ್ಯಾಟಲಾಗ್, ಕೋಡ್ ಇಡುವ ಗಿಟ್ ರೆಪಾಸಿಟರಿ ಎಲ್ಲವಕ್ಕೂ ಇದೇ ಗತಿ. ಇಂಥವನ್ನು ಸಿಂಕ್ ಫೋಲ್ಡರಿನ ಹೊರಗಿಟ್ಟು, ರಾತ್ರಿ ತಂತ್ರಾಂಶ ಮುಚ್ಚಿದ ಮೇಲೆ ಜಿಪ್ ಮಾಡಿ (ಎಲ್ಲವನ್ನೂ ಒಂದೇ ಫೈಲಾಗಿ ಕಟ್ಟಿ), ಆ ಜಿಪ್ಪನ್ನಷ್ಟೇ ಒಳಗೆ ಹಾಕಬೇಕು.

ಎರಡನೆಯ ಏರ್ಪಾಡು ಕೆಟ್ಟದ್ದು ದುಡ್ಡು ಉಳಿಸಲು ಹೋಗಿ. ಗೂಗಲ್‌ನಲ್ಲಿ 15 ಜಿಬಿ, ಒನ್‌ಡ್ರೈವ್‌ನಲ್ಲಿ 5 ಜಿಬಿ, ಡ್ರಾಪ್‌ಬಾಕ್ಸ್‌ನಲ್ಲಿ 2 ಜಿಬಿ, ಒಟ್ಟು 22 ಜಿಬಿ ಪುಕ್ಕಟೆ ಎಂದು ಕೂಡಿಸಿದೆ. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಗೂಗಲ್‌ನ 15 ಜಿಬಿಯಲ್ಲಿ ಮೇಲ್, ಫೋಟೋ ಎಲ್ಲ ಸೇರುತ್ತದೆ. ಜಾಗ ತುಂಬಿದರೆ ಫೈಲು ಹೋಗದಿರುವುದು ಒಂದು ಕಡೆ, ಮೇಲ್ ಬರುವುದೂ ನಿಲ್ಲುತ್ತದೆ. ಯಾವ ಕೆಲಸ ಯಾವ ಖಾತೆಯಲ್ಲಿದೆ ಎಂದು ಹುಡುಕುವುದಕ್ಕೇ ವಾರಕ್ಕೆ ಎರಡು ಗಂಟೆ ಹೋಗುತ್ತಿತ್ತು. ಎರಡು ಕ್ಲೈಂಟ್‌ಗಳನ್ನು ಒಂದೇ ಫೋಲ್ಡರಿನ ಮೇಲೆ ಬಿಟ್ಟು ನೋಡಿದ್ದೂ ಉಂಟು. ಯಾರೂ ಮಾಡಬೇಡಿ. ಒಂದು ಇಳಿಸಿದ್ದನ್ನು ಇನ್ನೊಂದು ಹೊಸ ಬದಲಾವಣೆ ಎಂದು ತಿಳಿದು ಏರಿಸುತ್ತದೆ, ಒಂದೇ ರಾತ್ರಿಯಲ್ಲಿ ಮುನ್ನೂರು ಚಿಲ್ಲರೆ ನಕಲು ಹುಟ್ಟಿದ್ದವು.

ಮೂರನೆಯ ಸಲ 600 ಜಿಬಿಯನ್ನು ಕೂತು ಜಾಲಿಸಿದೆ. ಕಳೆದ ಆರು ತಿಂಗಳಲ್ಲಿ ತೆರೆದ ಫೈಲುಗಳು ಎಷ್ಟು ಎಂದು ದಿನಾಂಕದ ಮೇಲೆ ವಿಂಗಡಿಸಿದರೆ ಬಂದದ್ದು ಸುಮಾರು 38 ಜಿಬಿ. ಅದಕ್ಕೆ ‘ಚಾಲ್ತಿ’ ಎಂದು ಹೆಸರಿಟ್ಟೆ. ಸಿಂಕ್ ಆಗುವುದು ಅದೊಂದೇ. ಉಳಿದದ್ದು ‘ಮುಗಿದದ್ದು’, ಎರಡು ಹೊರ ಡಿಸ್ಕ್‌ಗಳಲ್ಲಿ ಎರಡು ಪ್ರತಿ. ದೊಡ್ಡ ಜಾಗದ ಚಂದಾ ಬೇಕಾಗಲೇ ಇಲ್ಲ, 100 ಜಿಬಿಯ ಚಿಕ್ಕ ಚಂದಾ ಸಾಕಾಯಿತು. ವರ್ಷದ್ದನ್ನು ಒಟ್ಟಿಗೆ ಕಟ್ಟಿದ್ದರಿಂದ ಸುಮಾರು ಎರಡು ತಿಂಗಳ ದುಡ್ಡು ಉಳಿಯಿತು. ಆದರೆ ಮೊದಲ ತಿಂಗಳು ತಿಂಗಳ ಲೆಕ್ಕದಲ್ಲೇ ಕಟ್ಟಿ ನೋಡಿ. ನಾನು ಹಿಂದೆ ಒಂದು ಕಡೆ ವರ್ಷದ್ದು ಕಟ್ಟಿ, ಆ ಕ್ಲೈಂಟ್ ಲಿನಕ್ಸ್‌ನಲ್ಲಿ ಓಡುವುದಿಲ್ಲ ಎಂದು ಆಮೇಲೆ ತಿಳಿದು, ಕಟ್ಟಿದ್ದನ್ನು ಬಿಡಬೇಕಾಯಿತು.

ಮೊದಲ ಅಪ್‌ಲೋಡಿನ ಲೆಕ್ಕವನ್ನು ಎಲ್ಲರೂ ತಪ್ಪುತ್ತಾರೆ. ಲೈನಿನ ವೇಗ 20 ಎಂಬಿಪಿಎಸ್ (ಸೆಕೆಂಡಿಗೆ 20 ಮೆಗಾಬಿಟ್) ಎಂದರೆ ಸೆಕೆಂಡಿಗೆ 20 ಎಂಬಿ ಅಲ್ಲ, ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ ಎಂಟರಿಂದ ಭಾಗಿಸಿದರೆ 2.5 ಎಂಬಿ. ಆ ಪ್ರಕಾರ 38 ಜಿಬಿಗೆ ನಾಲ್ಕೂಕಾಲು ಗಂಟೆ ಸಾಕು. ಹಿಡಿದದ್ದು ಹನ್ನೊಂದು ಗಂಟೆ. ಕಾರಣ ಗಾತ್ರವಲ್ಲ, ಸಂಖ್ಯೆ. ನನ್ನಲ್ಲಿ ಸುಮಾರು 61,000 ಫೈಲುಗಳಿದ್ದವು. ಪ್ರತಿ ಫೈಲಿಗೂ ಸರ್ವರ್ ಜೊತೆ ಬೇರೆ ಬೇರೆ ಮಾತುಕತೆ ಆಗಬೇಕು, ಪುಟ್ಟ ಫೈಲುಗಳು ಸೆಕೆಂಡಿಗೆ ಎರಡು ಮೂರರಂತೆ ತೆವಳುತ್ತವೆ. ಮುಗಿದ ಹಂತಗಳ ಉಪಫೋಲ್ಡರುಗಳನ್ನು ಜಿಪ್ ಮಾಡಿದ ಮೇಲೆ ಸಂಖ್ಯೆ 9,000ಕ್ಕೆ ಇಳಿಯಿತು. ಈಗ ಕ್ಲೈಂಟ್ ಶುರುವಾದಾಗ ಮಾಡುವ ತಪಾಸಣೆ ಅರ್ಧ ನಿಮಿಷ. ಅಪ್‌ಲೋಡ್ ವೇಗವನ್ನು ಲೈನಿನ ಮುಕ್ಕಾಲು ಪಾಲಿಗೆ ಕಟ್ಟಿಹಾಕಿ, ಇಲ್ಲದಿದ್ದರೆ ವಿಡಿಯೋ ಕರೆ ಒಡೆಯುತ್ತದೆ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರು ಇದನ್ನು ಗಮನವಿಟ್ಟು ಓದಬೇಕು. ‘ಕೋಣೆ_ಅಳತೆ’ ಎಂಬ ಫೋಲ್ಡರ್ ಒಂದು ದಿನ ಎರಡಾಯಿತು. ಎರಡರ ಹೆಸರೂ ಒಂದೇ, ಕಣ್ಣಿಗೆ ಕೂದಲೆಳೆಯ ವ್ಯತ್ಯಾಸವಿಲ್ಲ. ಒಂದರಲ್ಲಿ ಹಳೆ ಫೈಲು, ಇನ್ನೊಂದರಲ್ಲಿ ಹೊಸದು. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಸಿಕ್ಕಿತು. ‘ಕೋ’ದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಸಂಕೇತ ಪದ್ಧತಿ) ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡು ಜೋಡಿಸಿಯೂ ಬರೆಯಬಹುದು. ಕೀ, ಕೇ, ಕೈ, ಕೊ ಇವುಗಳಿಗೂ ಎರಡೆರಡು ರೂಪ. ಮ್ಯಾಕ್‌ನ ಹಳೆ ಫೈಲ್ ವ್ಯವಸ್ಥೆ ಹೆಸರನ್ನು ಒಡೆದು ಇಡುತ್ತಿತ್ತು, ವಿಂಡೋಸ್, ಲಿನಕ್ಸ್ ಕೊಟ್ಟದ್ದನ್ನು ಕೊಟ್ಟಂತೆ ಇಡುತ್ತವೆ. ಆದ್ದರಿಂದ ಹಳೆ ಮ್ಯಾಕ್ ಡಿಸ್ಕಿನಿಂದ ಬಂದ ಫೋಲ್ಡರ್ ಲಿನಕ್ಸ್‌ಗೆ ಬೇರೆಯದೇ ಹೆಸರು.

ಉದ್ದದ ತೊಂದರೆಯೂ ಇದೆ. ಲಿನಕ್ಸ್‌ನ ಎಕ್ಸ್ಟ್4 ಎಂಬ ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಒಂದು ಸಂಕೇತಕ್ಕೆ 3 ಬೈಟ್, ಅಂದರೆ 85 ಸಂಕೇತ. ‘ಕ್ಷೇ’ ನಮ್ಮ ಕಣ್ಣಿಗೆ ಒಂದು ಅಕ್ಷರ, ಅಲ್ಲಿ ನಾಲ್ಕು ಸಂಕೇತ, 12 ಬೈಟ್. ವಿಂಡೋಸ್ ಬೈಟ್ ಲೆಕ್ಕ ಹಾಕುವುದಿಲ್ಲ, ಹಾಗಾಗಿ ಅಲ್ಲಿ ಸಲೀಸಾಗಿ ಕೂತ ಹೆಸರು ಲ್ಯಾಪ್‌ಟಾಪ್‌ಗೆ ಇಳಿಯುವುದೇ ಇಲ್ಲ, ಕ್ಲೈಂಟ್ ಒಂದು ಮೂಲೆಯಲ್ಲಿ ಹಳದಿ ಗುರುತು ತೋರಿಸಿ ಸುಮ್ಮನಾಗುತ್ತದೆ. ವಿಂಡೋಸ್‌ನ ಕಾಟ ಬೇರೆ ರೀತಿಯದು: ಪೂರ್ತಿ ಪಾತ್ (ಡ್ರೈವ್‌ನಿಂದ ಹಿಡಿದು ಫೋಲ್ಡರುಗಳ ಸಮೇತ ಫೈಲಿನ ವಿಳಾಸ) 260 ಅಕ್ಷರ ದಾಟಿದರೆ ಹಲವು ತಂತ್ರಾಂಶಗಳು ತೆರೆಯುವುದಿಲ್ಲ, ಹೆಸರಿನಲ್ಲಿ ಕೋಲನ್, ಪ್ರಶ್ನಾರ್ಥಕ, ನಕ್ಷತ್ರ ಚಿಹ್ನೆ ಇದ್ದರೂ ಆಗದು. ಲಿನಕ್ಸ್‌ನಲ್ಲಿ ಗಂಟೆ-ನಿಮಿಷವನ್ನು ಕೋಲನ್ ಹಾಕಿ ಹೆಸರಿಸಿದ ಫೈಲು ಅಲ್ಲೇ ಉಳಿಯುತ್ತದೆ. ಈಗ ನನ್ನಲ್ಲಿ ಫೋಲ್ಡರಿಗೆ ಚಿಕ್ಕ ಕನ್ನಡ ಹೆಸರು, ಫೈಲಿಗೆ ವರ್ಷ-ತಿಂಗಳು-ದಿನ ಮೊದಲು, ಆಮೇಲೆ ಕೆಲಸದ ಸಂಖ್ಯೆ. ಆ ಸಂಖ್ಯೆಯನ್ನು ಕಟ್ಟುವ ಸೂತ್ರ ನನ್ನದೇ, ಅದನ್ನು ಬಿಟ್ಟುಕೊಡುವ ಮನಸ್ಸಿಲ್ಲ.

ಡ್ರಾಯಿಂಗ್‌ನವರಿಗೆ ಇನ್ನೊಂದು. ಎಕ್ಸ್‌ರೆಫ್‌ಗಳು (ಒಂದು ಡ್ರಾಯಿಂಗ್‌ಗೆ ಜೋಡಿಸಿದ ಬೇರೆ ಡ್ರಾಯಿಂಗ್ ಫೈಲುಗಳು) ಪೂರ್ತಿ ಪಾತ್ ಹಿಡಿದಿದ್ದರೆ ಇನ್ನೊಂದು ಕಂಪ್ಯೂಟರ್‌ನಲ್ಲಿ ಬಳಕೆದಾರರ ಹೆಸರು ಬೇರೆ ಇರುವುದರಿಂದ ಒಂದೂ ಸಿಗುವುದಿಲ್ಲ. ಎಲ್ಲವನ್ನೂ ರಿಲೇಟಿವ್ ಪಾತ್‌ಗೆ, ಅಂದರೆ ಡ್ರಾಯಿಂಗ್ ಇರುವ ಫೋಲ್ಡರಿನಿಂದ ಲೆಕ್ಕ ಹಿಡಿಯುವ ವಿಳಾಸಕ್ಕೆ, ತಿರುಗಿಸಬೇಕು. ಎಕ್ಸೆಲ್‌ನ ಲಿಂಕ್ ಇರುವ ಹಾಳೆಗಳನ್ನು ಒಂದೇ ಫೋಲ್ಡರಿಗೆ ತಂದೆ, ಆಮೇಲೆ ಲಿಂಕ್ ಮುರಿಯಲಿಲ್ಲ. ತಂತ್ರಾಂಶಗಳು ತಾವಾಗಿ ಹುಟ್ಟಿಸುವ ಬಿಎಕೆ (ಹಿಂದಿನ ಪ್ರತಿ), ಟಿಎಂಪಿ (ತಾತ್ಕಾಲಿಕ), ಡಿಡಬ್ಲ್ಯೂಎಲ್ (ಬೀಗ) ಫೈಲುಗಳನ್ನು ಸಿಂಕ್‌ನಿಂದ ಹೊರಗಿಡುವ ಸೌಲಭ್ಯ ಕ್ಲೈಂಟ್‌ನಲ್ಲಿದ್ದರೆ ಬಳಸಿ. ‘ಫೈಲು ಬೇರೆ ಕಡೆ ತೆರೆದಿದೆ’ ಎಂದು ಎಚ್ಚರಿಸುವ ಬೀಗದ ಫೈಲನ್ನು ಸಿಂಕ್ ಮಾಡಿ ಪ್ರಯೋಜನವಿಲ್ಲ, ಅದು ತಲುಪುವ ಹೊತ್ತಿಗೆ ತಡವಾಗಿರುತ್ತದೆ.

ಕಾನ್‌ಫ್ಲಿಕ್ಟ್ ಹುಟ್ಟುವ ಬಗೆ ನೋಡಿ. ಡೆಸ್ಕ್‌ಟಾಪ್‌ನಲ್ಲಿ ಅಂದಾಜು ಪಟ್ಟಿಯನ್ನು ತೆರೆದಿಟ್ಟು ಎದ್ದು ಹೋಗಿದ್ದೇವೆ. ಸಂಜೆ ಲ್ಯಾಪ್‌ಟಾಪ್‌ನಲ್ಲಿ ಅದೇ ಪಟ್ಟಿಯ ಮೂರು ದರ ತಿದ್ದಿ ಸೇವ್ ಮಾಡಿದೆವು, ಅದು ಮೇಲೆ ಹೋಯಿತು. ಡೆಸ್ಕ್‌ಟಾಪ್‌ಗೆ ಇಳಿಯಲು ಆಗಲಿಲ್ಲ, ಎಕ್ಸೆಲ್ ಫೈಲನ್ನು ಹಿಡಿದು ಕೂತಿದೆ. ಬೆಳಿಗ್ಗೆ ಆ ಹಳೆ ಪುಟದಲ್ಲೇ ಒಂದು ಸಾಲು ಸೇರಿಸಿ ಸೇವ್ ಒತ್ತಿದೆವು. ಈಗ ಫೋಲ್ಡರಿನಲ್ಲಿ ಎರಡು ಫೈಲು, ಒಂದರಲ್ಲಿ ದರ ಸರಿ, ಇನ್ನೊಂದರಲ್ಲಿ ಸಾಲು ಸರಿ, ಎರಡನ್ನೂ ಕೂಡಿಸುವುದು ನಮ್ಮ ಕೈಯಲ್ಲೇ ಆಗಬೇಕು. ಸಿಂಕ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ, ಯಾವುದನ್ನೂ ಅಳಿಸಲಿಲ್ಲ. ಏಳುವ ಮುನ್ನ ಫೈಲು ಮುಚ್ಚುವುದು, ಸಿಂಕ್ ಮುಗಿದ ಟಿಕ್ ಗುರುತು ಬರುವವರೆಗೆ ಲ್ಯಾಪ್‌ಟಾಪ್ ಮುಚ್ಚಳ ಹಾಕದಿರುವುದು, ಈ ಎರಡನ್ನು ರೂಢಿ ಮಾಡಿಕೊಂಡ ಮೇಲೆ ತಿಂಗಳಿಗೆ ಇಪ್ಪತ್ತರಷ್ಟಿದ್ದ ಕಾನ್‌ಫ್ಲಿಕ್ಟ್ ವರ್ಷಕ್ಕೆ ಎರಡು ಮೂರಕ್ಕೆ ಬಂತು. 25 ಎಂಬಿ ಡ್ರಾಯಿಂಗ್ ಹೋಗಲು ಹತ್ತು ಸೆಕೆಂಡು, ಅಷ್ಟು ಕಾಯಲೇಬೇಕು.

ಅಳಿಸುವಾಗ ಮೈಯೆಲ್ಲ ಕಣ್ಣಾಗಿರಬೇಕು. ಲ್ಯಾಪ್‌ಟಾಪ್‌ನಲ್ಲಿ ಜಾಗ ಬೇಕೆಂದು ಫೋಲ್ಡರನ್ನು ಡಿಲೀಟ್ ಮಾಡಿದರೆ ನಾಲ್ಕೂ ಕಡೆ ಹೋಯಿತು. ಜಾಗ ಬಿಡಿಸಲು ರೈಟ್ ಕ್ಲಿಕ್‌ನಲ್ಲಿ ಬೇರೆಯೇ ಆಯ್ಕೆ ಇರುತ್ತದೆ, ಫೈಲು ಮೇಲೆ ಉಳಿದು ಇಲ್ಲಿ ಹೆಸರು ಮಾತ್ರ ಕಾಣುತ್ತದೆ. ಈ ಹೆಸರು ಮಾತ್ರದ ಫೈಲುಗಳನ್ನು ಬೇರೊಂದು ಬ್ಯಾಕಪ್ ತಂತ್ರಾಂಶ ಓದಲು ಹೊರಟರೆ ಎಲ್ಲವೂ ಮತ್ತೆ ಇಳಿಯುತ್ತವೆ, ರಾತ್ರೋರಾತ್ರಿ ಡಿಸ್ಕ್ ತುಂಬುತ್ತದೆ. ಇದೂ ಆಗಿದೆ.

ಹಳೆ ಆವೃತ್ತಿಗಳನ್ನು ಬ್ಯಾಕಪ್ ಎಂದು ನಂಬಿಕೊಂಡವರಿಗೆ ಒಂದು ಲೆಕ್ಕ. ಗೂಗಲ್ ಡ್ರೈವ್‌ನಲ್ಲಿ ನಾವು ಏರಿಸಿದ ಫೈಲಿನ ಹಿಂದಿನ ರೂಪಗಳು ಉಳಿಯುವುದು 30 ದಿನ ಅಥವಾ 100 ಆವೃತ್ತಿ, ಯಾವುದು ಮೊದಲೋ ಅಲ್ಲಿಯವರೆಗೆ. ದಿನಕ್ಕೆ ಮೂವತ್ತು ಸಲ ಸೇವ್ ಒತ್ತುವ ಡ್ರಾಯಿಂಗ್ ನಾಲ್ಕನೇ ದಿನಕ್ಕೇ ನೂರು ದಾಟುತ್ತದೆ. ಹಾಗಾಗಿ ಸಿಂಕ್ ಬೇರೆ, ಬ್ಯಾಕಪ್ ಬೇರೆ. ಲಿನಕ್ಸ್ ಯಂತ್ರದಲ್ಲಿ ರಾತ್ರಿ ಆರ್‌ಕ್ಲೋನ್ ಎಂಬ ನಕಲು ಮಾಡುವ ತಂತ್ರಾಂಶ ಓಡುತ್ತದೆ, ಕ್ಲೌಡಿನಿಂದ ಹೊರ ಡಿಸ್ಕಿಗೆ ಒಂದೇ ದಿಕ್ಕಿನಲ್ಲಿ. ಅದರಲ್ಲಿ ‘ಬ್ಯಾಕಪ್-ಡಿರ್’ ಎಂಬ ಆಯ್ಕೆ ಕೊಟ್ಟರೆ ಅಳಿದದ್ದು, ಬದಲಾದದ್ದು ಎಲ್ಲ ಆ ದಿನದ ಹೆಸರಿನ ಫೋಲ್ಡರಿಗೆ ಸರಿಯುತ್ತದೆ. ‘ಮ್ಯಾಕ್ಸ್-ಡಿಲೀಟ್’ ಅನ್ನು 50ಕ್ಕೆ ಇಟ್ಟಿದ್ದೇನೆ, ಅದಕ್ಕಿಂತ ಹೆಚ್ಚು ಅಳಿಸಬೇಕಾಗಿ ಬಂದರೆ ಅಲ್ಲಿಗೇ ನಿಲ್ಲುತ್ತದೆ. ಹೊಸದಾಗಿ ಕಟ್ಟುವಾಗ ಒಂದು ವಾರ ‘ಡ್ರೈ-ರನ್’ನಲ್ಲೇ (ಏನನ್ನೂ ಬದಲಾಯಿಸದ ಪರೀಕ್ಷೆ) ಓಡಿಸಿ ಲಾಗ್ ಓದಿ. ಮೂಲ, ಗುರಿ ಅದಲುಬದಲಾದರೆ ಕ್ಲೌಡೇ ಖಾಲಿಯಾಗುತ್ತದೆ.

ನಡುವೆ ಸಿಂಕ್‌ಥಿಂಗ್ ಎಂಬ ತಂತ್ರಾಂಶವನ್ನೂ ಮೂರು ತಿಂಗಳು ಓಡಿಸಿದೆ. ನಡುವೆ ಕ್ಲೌಡ್ ಇಲ್ಲ, ಯಂತ್ರದಿಂದ ಯಂತ್ರಕ್ಕೆ ನೇರ, ಚಂದಾ ಇಲ್ಲ. ಒಂದೇ ಕಟ್ಟಡದೊಳಗೆ ವೇಗಕ್ಕೆ ಸಾಟಿಯಿಲ್ಲ. ಆದರೆ ಎರಡೂ ಯಂತ್ರ ಒಂದೇ ಹೊತ್ತಿಗೆ ಚಾಲೂ ಇರಬೇಕು, ಹಳೆ ಆವೃತ್ತಿ ಉಳಿಸುವ ಸೌಲಭ್ಯವನ್ನು ನಾವೇ ಹಾಕಿಕೊಳ್ಳಬೇಕು. ಕಾನ್‌ಫ್ಲಿಕ್ಟ್ ಆದಾಗ ತಿದ್ದಿದ ಸಮಯ ಹಳೆಯದಿರುವ ಫೈಲನ್ನು ಅದು ಪಕ್ಕಕ್ಕೆ ಸರಿಸುತ್ತದೆ. ಲ್ಯಾಪ್‌ಟಾಪ್‌ನ ಗಡಿಯಾರ ಎರಡು ಗಂಟೆ ಮುಂದಿದ್ದಾಗ ಹಳೆ ಫೈಲೇ ಗೆದ್ದಿತು. 2024ರ ಕೊನೆಗೆ ಅದರ ಅಧಿಕೃತ ಆಂಡ್ರಾಯ್ಡ್ ಆ್ಯಪ್ ನಿಂತ ಮೇಲೆ ಕ್ಲೌಡಿಗೇ ಮರಳಿದೆ.

ಗೋಪ್ಯದ ಕಾಗದಪತ್ರಗಳಿಗೆ ಮೊದಲು 5 ಜಿಬಿಯ ವೆರಾಕ್ರಿಪ್ಟ್ ಪೆಟ್ಟಿಗೆ (ಪಾಸ್‌ವರ್ಡಿನ ಬೀಗವಿರುವ ಒಂದೇ ದೊಡ್ಡ ಫೈಲು) ಮಾಡಿದ್ದೆ. ಒಳಗೆ ಬದಲಾಯಿಸಿದರೂ ಮೇಲೆ ಹೋಗುತ್ತಲೇ ಇರಲಿಲ್ಲ. ಪೆಟ್ಟಿಗೆಯ ತಿದ್ದಿದ ಸಮಯವನ್ನು ಬದಲಾಗದಂತೆ ಕಾಪಾಡುವ ಆಯ್ಕೆ ಅದರಲ್ಲಿ ಮೊದಲೇ ಹಾಕಿರುತ್ತದೆ, ಸಿಂಕ್‌ಗೆ ಬದಲಾವಣೆ ಕಾಣುವುದೇ ಇಲ್ಲ. ಅದನ್ನು ತೆಗೆದರೂ ಪೆಟ್ಟಿಗೆ ಮುಚ್ಚುವವರೆಗೆ ಏನೂ ಹೋಗದು. ಇದೇ ಬಗೆಯ ಇನ್ನೊಂದು ತಂತ್ರಾಂಶ ಕ್ರಿಪ್ಟೊಮೇಟರ್ ಪ್ರತಿ ಫೈಲಿಗೂ ಬೇರೆ ಬೀಗ ಹಾಕುತ್ತದೆ, ತಿದ್ದಿದ್ದಷ್ಟೇ ಏರುತ್ತದೆ. ಈಗ ಅದೇ, ಸುಮಾರು 1 ಜಿಬಿ, ಫೋನಿನಲ್ಲೂ ತೆರೆಯುತ್ತದೆ.

ಆರು ತಿಂಗಳಿಗೊಮ್ಮೆ ಖಾಲಿ ಯಂತ್ರವೊಂದಕ್ಕೆ ಎಲ್ಲವನ್ನೂ ಇಳಿಸಿ ನೋಡುತ್ತೇನೆ. ನಡೆಯುತ್ತಿರುವ ಎರಡು ಕೆಲಸಗಳ ಫೋಲ್ಡರಿಗೆ ಮೊದಲು ‘ಸದಾ ಇಲ್ಲೇ ಇರಲಿ’ ಗುರುತು ಹಾಕಿದರೆ ಅವು ಮುಂದೆ ಬರುತ್ತವೆ. ಕಳೆದ ಸಲ ಕ್ಲೈಂಟ್ ಹಾಕಿದ್ದರಿಂದ ಮೊದಲ ಡ್ರಾಯಿಂಗ್ ಎಕ್ಸ್‌ರೆಫ್ ಸಮೇತ ತೆರೆಯುವವರೆಗೆ ಸುಮಾರು 40 ನಿಮಿಷ ಹಿಡಿಯಿತು. ಉಳಿದದ್ದು ಅದರ ಪಾಡಿಗೆ ಇಳಿಯುತ್ತಿತ್ತು, ನಾನು ಕೆಲಸ ಶುರು ಮಾಡಿದ್ದೆ.