ಪ್ರಾರ್ಥನೆಗೆ ದಿನದಲ್ಲಿ ಎಷ್ಟು ಹೊತ್ತು, ಎಷ್ಟು ಸಲ?

ಶ್ರೀರಂಗಪಟ್ಟಣದ ಪಕ್ಕ, ಗಂಜಾಂನ ನಿಮಿಷಾಂಬ ದೇವಿ ಬೇಡಿದ್ದನ್ನು ನಿಮಿಷದಲ್ಲೇ ನಡೆಸಿಕೊಡುತ್ತಾಳೆ ಎಂಬುದು ನಮ್ಮ ಕಡೆಯ ನಂಬಿಕೆ. ಆ ಒಂದು ಗಳಿಗೆಯ ದರ್ಶನಕ್ಕೆ ರಜಾ ದಿನ ಉದ್ದನೆಯ ಸಾಲಿನಲ್ಲಿ ನಿಲ್ಲಲು ಯಾರೂ ಬೇಸರಿಸುವುದಿಲ್ಲ. ಮನೆಯಲ್ಲಿ ದಿನಾ ಐದು ನಿಮಿಷ ಕೂತು ಪ್ರಾರ್ಥನೆ ಮಾಡಿ ಎಂದರೆ ಮಾತ್ರ ‘ಎಲ್ರೀ ಟೈಮು?’ ಅನ್ನುತ್ತಾರೆ. ಭಕ್ತಿ ಕಡಿಮೆಯಾಗಿ ಹೀಗಾಗುತ್ತದೆ ಎಂದು ನನಗನ್ನಿಸುವುದಿಲ್ಲ. ಶುರು ಮಾಡುವಾಗಲೇ ಅಳತೆ ದೊಡ್ಡದಾಗಿರುತ್ತದೆ. ಯುಗಾದಿಯಂದು ‘ಇನ್ನು ಮೇಲೆ ದಿನಾ ಒಂದು ಗಂಟೆ’ ಎಂದು ಹೊರಟವರು ಅಕ್ಷಯ ತೃತೀಯದ ಹೊತ್ತಿಗೆ ಊದುಬತ್ತಿ ಸಿಕ್ಕಿಸಿ, ಚಪ್ಪಲಿ ಮೆಟ್ಟಿ ಓಡುತ್ತಿರುತ್ತಾರೆ.

ಆದ್ದರಿಂದ ಇಲ್ಲಿನ ಕ್ರಮ ಸಣ್ಣದರಿಂದ ಶುರುವಾಗುತ್ತದೆ. ಯಾವ ದೇವರಿಗೆ ಕೈ ಮುಗಿಯುವವರಾದರೂ ಹಿಡಿಯಬಹುದು.

ಹೆಜ್ಜೆ 1: ಹೊತ್ತು ಗೊತ್ತು ಮಾಡಿ

ಬೆಳಿಗ್ಗೆ 6 ಗಂಟೆ ಅಂತ ಅಲಾರಂ ಇಟ್ಟು ಶುರು ಮಾಡಬೇಡಿ. ದಿನಾ ತಪ್ಪದೆ ಮಾಡುವ ಒಂದು ಕೆಲಸ ಹುಡುಕಿ, ಅದರ ಬೆನ್ನಿಗೆ ಪ್ರಾರ್ಥನೆ ಇಟ್ಟುಕೊಳ್ಳಿ. ಡೇರಿಗೆ ಹಾಲು ಹಾಕಿ ಬಂದು ಕೈಕಾಲು ತೊಳೆದ ಮೇಲೆ. ಸ್ನಾನವಾಗಿ ತಿಂಡಿಗೆ ಕೂರುವ ಮೊದಲು. ಕೆಲಸಕ್ಕಾಗಿ ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರು ಮಂಡ್ಯದಲ್ಲಿ ಹತ್ತಿ ಕೂತರೆ ಚನ್ನಪಟ್ಟಣ ಬರುವಷ್ಟರಲ್ಲಿ ವಿಷ್ಣು ಸಹಸ್ರನಾಮ ಮುಗಿಸಬಹುದು. ಕಿಟಕಿ ಪಕ್ಕ ಸೀಟು ಸಿಗಬೇಕು, ಅಷ್ಟೆ.

ಬ್ರಾಹ್ಮೀ ಮುಹೂರ್ತ, ಅಂದರೆ ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರುವಾಗಿ 48 ನಿಮಿಷ ಇರುವ ಹೊತ್ತು, ಶ್ರೇಷ್ಠವೆಂದು ಹೇಳುತ್ತಾರೆ. ಆಗುವವರು ಏಳಲಿ. ಆದರೆ ರಾತ್ರಿ ತ್ರೀ ಫೇಸ್ ಕರೆಂಟಿಗೆ ಕಾದು ಕಬ್ಬಿಗೆ ನೀರು ಹಾಯಿಸಿ ಬಂದು ಮಲಗಿದ ರೈತನಿಗೆ ಆ ಉಪದೇಶ ಮಾಡುವುದು ಅನ್ಯಾಯ. ಸೂರ್ಯನನ್ನು ನೋಡಿ ಮಾಡುವವರಿಗಂತೂ ಒಂದೇ ಅಲಾರಂ ವರ್ಷವಿಡೀ ಹೊಂದುವುದಿಲ್ಲ: ಮೈಸೂರಿನಲ್ಲಿ ಮೇ ಕೊನೆಗೆ ಆರಕ್ಕೆ ತುಸು ಮೊದಲೇ ಹುಟ್ಟುವ ಸೂರ್ಯ ಫೆಬ್ರುವರಿ ಮೊದಲಲ್ಲಿ ಆರೂಮುಕ್ಕಾಲು ಮಾಡುತ್ತಾನೆ.

ಹೆಜ್ಜೆ 2: ಎಷ್ಟು ಸಲ?

ನಮಾಜು ಐದು ಹೊತ್ತು, ಸಂಧ್ಯಾವಂದನೆ ಮೂರು ಹೊತ್ತು ಎಂದು ವಿಧಿ ಇರುವವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಉಳಿದವರು ಎರಡು ಸಲ ಇಟ್ಟುಕೊಳ್ಳಿ, ಬೆಳಿಗ್ಗೆ ಒಮ್ಮೆ, ದೀಪ ಹಚ್ಚುವಾಗ ಒಮ್ಮೆ. ಒಂದೇ ಸಲ ಇಟ್ಟುಕೊಂಡರೆ ಅದು ತಪ್ಪಿದ ದಿನ ಪೂರ್ತಿ ಖಾಲಿ.

ಹೆಜ್ಜೆ 3: ನಿಮ್ಮ ಸಂಪ್ರದಾಯದ ಕಿರು ಅಳತೆ ಕೇಳಿ ತಿಳಿಯಿರಿ

ಪುರುಸೊತ್ತಿಲ್ಲದವರು ಸಾಮಾನ್ಯವಾಗಿ ದೊಡ್ಡ ಪೂಜೆಯನ್ನು ತೋಚಿದ ಕಡೆ ಕತ್ತರಿಸುತ್ತಾರೆ. ಆಮೇಲೆ ಅರೆಬರೆ ಮಾಡಿದೆನಲ್ಲ ಎಂಬ ಅಳುಕು. ಕತ್ತರಿಸಬೇಕಾಗಿಯೇ ಇಲ್ಲ. ಅವಸರದಲ್ಲಿರುವವರು, ಪ್ರಯಾಣದಲ್ಲಿರುವವರು, ಕಾಯಿಲೆಯವರು ಎಲ್ಲ ಕಾಲಕ್ಕೂ ಇದ್ದರು. ಅವರಿಗೆಂದೇ ಹಿಂದಿನವರು ಸಣ್ಣ ಅಳತೆ ಇಟ್ಟಿದ್ದಾರೆ. ಅದನ್ನು ಮನೆಯ ಹಿರಿಯರನ್ನೋ ಗುರುಗಳನ್ನೋ ಕೇಳಿ ತಿಳಿದುಕೊಂಡು ಅಲ್ಲಿಂದಲೇ ಶುರು ಮಾಡಿ.

ಗಾಯತ್ರಿ ಜಪವನ್ನೇ ನೋಡಿ. 108 ಆಗದಿದ್ದರೆ 28, ಅದೂ ಆಗದಿದ್ದರೆ 10. ಹೊತ್ತಿನಲ್ಲೂ ಹಾಗೆಯೇ ಮೆಟ್ಟಿಲುಗಳಿವೆ: ಬೆಳಗಿನ ಸಂಧ್ಯೆ ನಕ್ಷತ್ರ ಕಾಣುವಾಗ ಮಾಡಿದರೆ ಉತ್ತಮ, ನಕ್ಷತ್ರ ಮರೆಯಾದ ಮೇಲೆ ಮಧ್ಯಮ, ಸೂರ್ಯ ಹುಟ್ಟಿದ ಮೇಲೆ ಅಧಮ. ಅಧಮ ಎಂದು ಮೂತಿ ಸೊಟ್ಟಗೆ ಮಾಡಿದ್ದಾರೆಯೇ ಹೊರತು ಪಟ್ಟಿಯಿಂದ ತೆಗೆದಿಲ್ಲ.

ದಿನದ ಐದು ನಮಾಜುಗಳ ಫರ್ಜ್, ಅಂದರೆ ಕಡ್ಡಾಯದ ಭಾಗ, ಒಟ್ಟು 17 ರಕಾತ್ (ನಿಂತು, ಬಾಗಿ, ಸಾಷ್ಟಾಂಗ ಮಾಡುವ ಒಂದು ಸುತ್ತು ಒಂದು ರಕಾತ್). ಪ್ರಯಾಣದಲ್ಲಿ ನಾಲ್ಕು ರಕಾತಿನ ಜುಹರ್, ಅಸರ್, ಇಶಾ ಎರಡೆರಡಕ್ಕೆ ಇಳಿಯುತ್ತವೆ. ಫಜರ್ ಎರಡು, ಮಗ್ರಿಬ್ ಮೂರು ಹಾಗೆಯೇ ಉಳಿಯುತ್ತವೆ. ನಿಲ್ಲಲಾಗದವರು ಕೂತು, ಕೂರಲೂ ಆಗದವರು ಮಲಗಿದಲ್ಲೇ ಮಾಡಬಹುದು. (ಮೈಸೂರಿನಿಂದ ಬೆಂಗಳೂರಿಗೆ ಹೋಗಿ ಬರುವುದು ಪ್ರಯಾಣದ ಲೆಕ್ಕಕ್ಕೆ ಬರುತ್ತದೆಯೇ ಎಂಬುದನ್ನು ನಿಮ್ಮ ಮಸೀದಿಯ ಇಮಾಮ್ ಸಾಹೇಬರನ್ನೇ ಕೇಳಿ.) ಕೊಂಚವಾದರೂ ಬಿಡದೆ ಮಾಡುವ ಕೆಲಸವೇ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂಬ ಅರ್ಥದ ಪ್ರವಾದಿಯವರ ಮಾತು ಹದೀಸ್‌ನಲ್ಲಿದೆ.

ಕ್ಯಾಥೊಲಿಕ್ ಮನೆಗಳ ಸಂಜೆಯ ಜಪಸರಕ್ಕೆ ಇಪ್ಪತ್ತು ನಿಮಿಷ ಬೇಕು. ಆದರೆ ಯೇಸು ತಮ್ಮ ಶಿಷ್ಯರಿಗೆ ಹೇಳಿಕೊಟ್ಟ ಪ್ರಾರ್ಥನೆ ಒಂದು ನಿಮಿಷದೊಳಗೇ ಮುಗಿಯುತ್ತದೆ. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಅದಕ್ಕೆ ಸ್ವಲ್ಪ ಮುಂಚೆಯೇ, ಮಾತು ಬೆಳೆಸಿದರೆ ದೇವರು ಕೇಳುತ್ತಾನೆಂದು ತಿಳಿಯಬೇಡಿ ಎಂಬ ಎಚ್ಚರಿಕೆಯೂ ಇದೆ.

ಇಷ್ಟಲಿಂಗ ಧರಿಸಿದವರಿಗೆ ಗುಡಿಯ ಹಂಗೂ ಇಲ್ಲ, ದೇವರ ಮನೆಯ ಹಂಗೂ ಇಲ್ಲ. ವಿಭೂತಿ ಹಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟು ಓಂ ನಮಃ ಶಿವಾಯ ಎನ್ನಲು ಹಾಸ್ಟೆಲಿನ ಮಂಚ ಸಾಕು. ಜೈನರ ಸಾಮಾಯಿಕ, ಅಂದರೆ ಸಮಭಾವದಲ್ಲಿ ಕೂರುವ ಧ್ಯಾನ, 48 ನಿಮಿಷದ್ದು. ಅಷ್ಟು ಹೊತ್ತು ಕೂರಲಾಗದ ದಿನ ಣಮೋಕಾರ ಮಂತ್ರ ಕೈಹಿಡಿಯುತ್ತದೆ.

ಮಂತ್ರ, ಶ್ಲೋಕ ಯಾವುದೂ ಬಾಯಿಗೆ ಬಾರದ ಮನೆಗಳೂ ಬೇಕಾದಷ್ಟಿವೆ. ಅವರಿಗೆ ಮನೆದೇವರ ಹೆಸರು ಸಾಕು, ಚುಂಚನಗಿರಿಯ ಭೈರವನೋ ಬೆಟ್ಟದ ಚಾಮುಂಡಿಯೋ. ‘ಉಘೇ ಮಾದಪ್ಪ’ ಎಂದು ಬಾಯಿತುಂಬ ಮೂರು ಸಲ ಅಂದರೂ ಅದು ಪ್ರಾರ್ಥನೆಯೇ. ಸಂಸ್ಕೃತ ಬಾರದೆಂದು ಕೈಕಟ್ಟಿ ಕೂರುವುದರಲ್ಲಿ ಅರ್ಥವಿಲ್ಲ.

ಹೆಜ್ಜೆ 4: ಗಡಿಯಾರ ನೋಡಬೇಡಿ, ಎಣಿಸಿ

ಹತ್ತು ನಿಮಿಷ ಎಂದು ಕೂತರೆ ಕಣ್ಣು ಐದನೇ ನಿಮಿಷಕ್ಕೆ ಗಡಿಯಾರದ ಕಡೆ ಹೋಗುತ್ತದೆ. ಎಣಿಕೆ ಇದ್ದರೆ ಆ ಚಡಪಡಿಕೆ ಇರುವುದಿಲ್ಲ. ಜಪಮಾಲೆಯಾಗಲಿ, ಮುಸ್ಲಿಮರ ಮಣಿಸರ ತಸ್ಬೀಹ್ ಆಗಲಿ, ಬೆರಳಿನ ಗೆಣ್ಣಾಗಲಿ, ಯಾವುದಾದರೂ ಸರಿ. ನಿಮ್ಮ ವೇಗ ಎಷ್ಟೆಂದು ಒಮ್ಮೆ ಮಾತ್ರ ಮೊಬೈಲಿನಲ್ಲಿ ಅಳೆದುಕೊಳ್ಳಿ. 24 ಅಕ್ಷರದ ಗಾಯತ್ರಿಯನ್ನು ಅವಸರವಿಲ್ಲದೆ ಹೇಳಿದರೆ ಎಂಟು ಸೆಕೆಂಡಿನ ಆಸುಪಾಸು. ಅಂದರೆ 108ಕ್ಕೆ ಹತ್ತಿರ ಹತ್ತಿರ ಕಾಲು ಗಂಟೆ, 10ಕ್ಕೆ ಒಂದೂವರೆ ನಿಮಿಷವೂ ಬೇಡ. ಹನುಮಾನ್ ಚಾಲೀಸಾ ಹತ್ತು ನಿಮಿಷದೊಳಗೆ, ವಿಷ್ಣು ಸಹಸ್ರನಾಮ ಅರ್ಧ ಗಂಟೆಯಲ್ಲಿ ಆಗುತ್ತದೆ. ಬಸ್ಸು ತಪ್ಪುತ್ತದೆಂದು 108ನ್ನು ಐದು ನಿಮಿಷದಲ್ಲಿ ಓಡಿಸುವುದಕ್ಕಿಂತ 28 ನಿಧಾನವಾಗಿ ಹೇಳಿ ಏಳುವುದು ವಾಸಿ.

ಮೊಬೈಲಿನಲ್ಲಿ ಸುಪ್ರಭಾತ ಹಾಕಿ ಅಡುಗೆಮನೆಯಲ್ಲಿ ಚಟ್ನಿ ರುಬ್ಬುವುದು ಈ ಲೆಕ್ಕಕ್ಕೆ ಬರುತ್ತದೆಯೇ? ಕೇಳಲು ಹಿತ, ಮನೆಗೂ ಒಂದು ಕಳೆ, ನಿಜ. ಆದರೆ ಅರ್ಧವನ್ನು ಮಿಕ್ಸಿಯೇ ನುಂಗಿರುತ್ತದೆ. ನನ್ನ ಪ್ರಕಾರ ಅದು ಬೇರೆ, ನೀವೇ ಕೂತು ಹೇಳುವ ಒಂದೂವರೆ ನಿಮಿಷ ಬೇರೆ.

ಹೆಜ್ಜೆ 5: ಸಂಜೆಯದನ್ನು ಕಾಪಾಡಿಕೊಳ್ಳಿ

ಬೆಳಗಿನದಕ್ಕಿಂತ ಸಂಜೆಯದೇ ಹೆಚ್ಚು ತಪ್ಪುವುದು. ಟ್ಯೂಷನ್, ಟ್ರಾಫಿಕ್, ಧಾರಾವಾಹಿ. ಮಂಡ್ಯ ಕಡೆಯ ಅಜ್ಜಿಯರು ‘ದೀಪ ಹಚ್ಚೋ ಹೊತ್ನಲ್ಲಿ ಬಾಗ್ಲು ಹಾಕ್ಬೇಡ್ಲಾ’ ಎಂದು ಗದರುತ್ತಿದ್ದರು. ಆ ಗದರಿಕೆಯಿಂದಲೇ ಮನೆಯವರೆಲ್ಲ ಒಂದು ಕಡೆ ಸೇರುತ್ತಿದ್ದರು. ಈಗ ಹಾಗೆ ಸೇರುವುದು ಊಟದ ಹೊತ್ತಿಗೆ. ಹಾಗಾದರೆ ಸಂಜೆಯ ಪ್ರಾರ್ಥನೆಯನ್ನು ಊಟಕ್ಕೆ ಮೊದಲು ಇಟ್ಟುಕೊಳ್ಳಿ. ದೀಪ ಮುಸ್ಸಂಜೆಗೇ ಮನೆಯಲ್ಲಿದ್ದವರು ಹಚ್ಚಿರಲಿ. ಮಕ್ಕಳಿಗೆ ಎರಡು ನಿಮಿಷ ಸಾಕು, ಒಂದೇ ಶ್ಲೋಕ ಅಥವಾ ಒಂದೇ ವಚನ. ಪರೀಕ್ಷೆ ಬಂದಾಗ ಅದನ್ನು ಅರ್ಧ ಗಂಟೆಗೆ ಏರಿಸಿ, ಫಲಿತಾಂಶ ಬಂದ ಮೇಲೆ ಬಿಟ್ಟುಬಿಡುವ ಅಭ್ಯಾಸವನ್ನು ಮಾತ್ರ ಕಲಿಸಬೇಡಿ.

ತಪ್ಪಿಹೋದರೆ? ಹೊತ್ತು ಮೀರಿದ ಸಂಧ್ಯಾವಂದನೆಗೆ ಪ್ರಾಯಶ್ಚಿತ್ತವಾಗಿ ಒಂದು ಅರ್ಘ್ಯ ಹೆಚ್ಚಿಗೆ ಕೊಡುತ್ತಾರೆ, ಬಿಟ್ಟುಹೋದ ನಮಾಜನ್ನು ಕಜಾ ಮಾಡುತ್ತಾರೆ, ಅಂದರೆ ಆಮೇಲೆ ಮಾಡಿ ತೀರಿಸುತ್ತಾರೆ. ಇಂಥ ವಿಧಿ ಇಲ್ಲದವರು ನಿನ್ನೆಯದನ್ನು ಇವತ್ತಿಗೆ ಸೇರಿಸಿ ದುಪ್ಪಟ್ಟು ಮಾಡಲು ಹೋಗಬೇಡಿ; ಎರಡು ದಿನ ತಪ್ಪಿದರೆ ಬಾಕಿ ಮೂರು ಪಟ್ಟಾಗಿ, ನಾಲ್ಕನೇ ದಿನ ದೇವರ ಮನೆ ಕಡೆ ತಿರುಗಿ ನೋಡಲೂ ಭಯವಾಗುತ್ತದೆ. ಸೂತಕದ ದಿನಗಳಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳುವ ರೂಢಿ ಹಲವು ಮನೆಗಳಲ್ಲಿದೆ.

ಹೆಚ್ಚಿಸುವ ಆಸೆಯಾದರೆ ಒಂದು ಮಂಡಲ, ಅಂದರೆ 48 ದಿನ, ಸಣ್ಣ ಅಳತೆಯಲ್ಲೇ ನಡೆಸಿ ನೋಡಿ. ಆಮೇಲೂ ದಿನನಿತ್ಯದ್ದನ್ನು ಏರಿಸುವ ಬದಲು ಪರ್ವಕಾಲಕ್ಕೆ ಹೆಚ್ಚು ಮಾಡುವುದು ಸುಲಭ. ರಂಜಾನಿನಲ್ಲಿ ರಾತ್ರಿಯ ಹೆಚ್ಚುವರಿ ನಮಾಜು ತರಾವೀಹ್ ಸೇರುವುದು, ಕ್ರೈಸ್ತರು ಈಸ್ಟರಿಗೆ ಮುಂಚಿನ ತಪಸ್ಸುಕಾಲದ 40 ದಿನ ಪ್ರಾರ್ಥನೆ ಹೆಚ್ಚಿಸುವುದು ಇದೇ ಬಗೆಯದು. ಶ್ರೀವೈಷ್ಣವರಿಗೆ ಧನುರ್ಮಾಸವಿದೆ: ಆಂಡಾಳ್ ಹಾಡಿದ ತಿರುಪ್ಪಾವೈಯಲ್ಲಿ 30 ಪಾಶುರಗಳು, ಅಂದರೆ ಪದ್ಯಗಳು, ದಿನಕ್ಕೊಂದು. ಡಿಸೆಂಬರ್ ಮಧ್ಯದಲ್ಲಿ ಶುರು ಮಾಡಿದರೆ ಸಂಕ್ರಾಂತಿಯ ಹೊತ್ತಿಗೆ ಮುಗಿಯುತ್ತದೆ. ಚಳಿಯಲ್ಲಿ ಬೇಗ ಎದ್ದದ್ದಕ್ಕೆ ಬಿಸಿ ಹುಗ್ಗಿಯ ಪ್ರಸಾದವೂ ಉಂಟು. ಸಂಕ್ರಾಂತಿ ಕಳೆದ ಮಾರನೆಯ ದಿನದಿಂದ ಮತ್ತೆ ನಿಮ್ಮ ಹಳೆಯ ಅಳತೆಗೇ ಬರಬಹುದು.