ಜೇನನ್ನು ಮಳೆಗಾಲ ದಾಟಿಸುವುದು: ನಮ್ಮ ಸಂಘ ಕೈಯಾರೆ ಕಲಿತದ್ದು

ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ 12 ಜನ ಇದ್ದೇವೆ. ಊರು ಕೊಡಗಿನ ಭಾಗಮಂಡಲದ ಹತ್ತಿರ. ಐದು ವರ್ಷದ ಹಿಂದೆ ಉಳಿತಾಯದ ದುಡ್ಡಿನಲ್ಲಿ ಆರು ತುಡುವೆ ಜೇನಿನ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಪೆಟ್ಟಿಗೆ ತಂದೆವು. ಮೊದಲ ವರ್ಷ ಮೇ ತಿಂಗಳಲ್ಲಿ ಆಸೆ ಜಾಸ್ತಿಯಾಗಿ, ರಾಣಿ, ಮೊಟ್ಟೆ, ಮರಿ ಇರುವ ಕೆಳಗಿನ ಸಂಸಾರ ಕೋಣೆಯ ಜೇನನ್ನೂ ತೆಗೆದುಬಿಟ್ಟೆವು. ಅದು ಹುಳುಗಳ ಮಳೆಗಾಲದ ಊಟ. ಆಗಸ್ಟಿನಲ್ಲಿ ಮುಚ್ಚಳ ಎತ್ತಿದರೆ ನಾಲ್ಕು ಪೆಟ್ಟಿಗೆ ಖಾಲಿ. ಜೇನು ತೆಗೆಯುವುದು ಎರಡು ದಿನದ ಕೆಲಸ, ಹುಳುಗಳನ್ನು ಮಳೆ ದಾಟಿಸುವುದು ನಾಲ್ಕು ತಿಂಗಳ ಕೆಲಸ. ಇದನ್ನು ನಮಗೆ ಯಾರಾದರೂ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಪೆಟ್ಟಿಗೆ ತೆರೆಯಲು ಕಲಿಯಬೇಕು. ಒಬ್ಬರು ತೆರೆದು ಉಳಿದವರು ದೂರ ನಿಂತು ನೋಡಿದರೆ ಕೆಲಸ ಬರುವುದಿಲ್ಲ. ನಾವು ಭಾನುವಾರಕ್ಕೊಬ್ಬರಂತೆ ಪಾಳಿ ಮಾಡಿಕೊಂಡೆವು. ಆ ದಿನ ತಲೆಗೆ ಹೂ ಬೇಡ, ಪರಿಮಳದ ಎಣ್ಣೆ, ಪೌಡರ್ ಬೇಡ. ಬಟ್ಟೆ ತಿಳಿ ಬಣ್ಣದ್ದಿರಲಿ. ಬಿಸಿಲು ಏರಿದ ಮೇಲೆ ತೆರೆಯಿರಿ. ಬಾಗಿಲಿಗೆ ಎದುರಾಗಿ ನಿಲ್ಲದೆ ಪಕ್ಕದಲ್ಲಿ ನಿಲ್ಲಿ. ತೆಂಗಿನ ನಾರಿನ ಹೊಗೆ ಎರಡು ಸಲ ಕೊಟ್ಟು ಒಂದು ನಿಮಿಷ ಸುಮ್ನೆ ಕಾಯಿರಿ. ಚೌಕಟ್ಟನ್ನು ನೇರವಾಗಿ, ನಿಧಾನವಾಗಿ ಮೇಲಕ್ಕೆತ್ತಿ. ಹೊಸ ಎರಿಯನ್ನು (ಹುಳುಗಳು ಚೌಕಟ್ಟಿನಲ್ಲಿ ಕಟ್ಟಿದ ಮೇಣದ ಹಲ್ಲೆ) ಅಡ್ಡ ಮಲಗಿಸಿ ಹಿಡಿದರೆ ಮುರಿದು ಬೀಳುತ್ತದೆ.

ಪ್ರತಿ ಸಲ ರಾಣಿಯನ್ನು ಹುಡುಕುತ್ತಾ ಕೂರಬೇಡಿ. ಮೊಟ್ಟೆ ಕಂಡರೆ ಸಾಕು. ಮೊಟ್ಟೆ ಮೂರು ದಿನಕ್ಕೆ ಒಡೆದು ಮರಿಯಾಗುತ್ತದೆ, ಹಾಗಾಗಿ ಮೊಟ್ಟೆ ಇದೆ ಅಂದರೆ ಮೂರು ದಿನದೊಳಗೆ ರಾಣಿ ಅಲ್ಲಿ ಓಡಾಡಿದ್ದಾಳೆ. ನಮ್ಮ ಸಂಘದ ದೊಡ್ಡಕ್ಕನಿಗೆ ಅರುವತ್ತು ದಾಟಿದೆ. ಅವರಿಗೆ ಎಷ್ಟು ಸಲ ತೋರಿಸಿದರೂ ಮೊಟ್ಟೆ ಕಾಣಲಿಲ್ಲ. ಕೊನೆಗೆ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿಸಿದೆವು. ಹೆಗಲ ಮೇಲಿಂದ ಬೆಳಕು ಕೋಶದ ತಳಕ್ಕೆ ಬಿತ್ತು. "ಅಯ್ಯೋ, ಬಿಳಿ ದಾರದ ಚೂರಿನ ಹಾಗೆ ಇದೆಯಲ್ಲ!" ಅಂದರು. ಈಗ ಹೊಸಬರಿಗೆ ಅವರೇ ಕಲಿಸುತ್ತಾರೆ.

ಹುಳು ಚುಚ್ಚಿದರೆ ಮುಳ್ಳನ್ನು ಹಿಂಡಬೇಡಿ, ಉಗುರಿನಿಂದ ಕೆರೆದು ತೆಗೆಯಿರಿ. ಆ ಜಾಗಕ್ಕೆ ಸ್ವಲ್ಪ ಹೊಗೆ ಹಿಡಿಯಿರಿ, ಇಲ್ಲದಿದ್ದರೆ ಅದರ ವಾಸನೆಗೆ ಬೇರೆ ಹುಳುಗಳೂ ಬರುತ್ತವೆ. ಯಾರಿಗಾದರೂ ಉಸಿರು ಕಟ್ಟಿದರೆ, ತುಟಿ, ನಾಲಿಗೆ ಊದಿದರೆ ಮನೆಮದ್ದು ಮಾಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಈಗ ಮಳೆಗಾಲದ ಮಾತು. ಜೂನ್ ಬರುವ ಮೊದಲೇ ಮೇಲಿನ ಜೇನು ಕೋಣೆ ತೆಗೆದಿಡಿ. ಹುಳುಗಳು ಮುಚ್ಚಿಕೊಳ್ಳದ ಖಾಲಿ ಎರಿಗಳನ್ನೂ ತೆಗೆಯಿರಿ. ಮೇಣದ ಪತಂಗ ಮೊಟ್ಟೆ ಇಡುವುದು ಅಂಥ ಎರಿಗಳಲ್ಲೇ. ಆಮೇಲೆ ಅದರ ಮರಿಗಳು ಬಲೆ ಕಟ್ಟಿ ಎಲ್ಲ ತಿಂದು ಹಾಕುತ್ತವೆ. ಬಾಗಿಲನ್ನು ಕಿರಿದು ಮಾಡಿ. ಪೆಟ್ಟಿಗೆಯನ್ನು ಒಂದಿಷ್ಟು ಮುಂದಕ್ಕೆ ಬಾಗಿಸಿ ಇಟ್ಟರೆ ಒಳಗೆ ನೀರು ನಿಲ್ಲುವುದಿಲ್ಲ. ಮೇಲೆ ತಗಡು ಹಾಕಿ, ಗಾಳಿಗೆ ಹಾರದಂತೆ ಕಲ್ಲು ಇಡಿ. ಸ್ಟ್ಯಾಂಡಿನ ಕಾಲುಗಳಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು ಇಡುತ್ತೇವಲ್ಲ, ಅದಕ್ಕೆ ಬಿದ್ದ ಕಾಫಿ ಎಲೆಯನ್ನು ತೆಗೆಯುತ್ತಿರಬೇಕು. ಒಂದು ಎಲೆ ಸಾಕು, ಇರುವೆಗೆ ಸೇತುವೆ ಆಗುತ್ತದೆ.

ಊಟಕ್ಕೆ ಸಕ್ಕರೆ ಪಾಕ. ಒಂದು ಜೇನು ಕುಟುಂಬಕ್ಕೆ, ಅಂದರೆ ಒಂದು ಪೆಟ್ಟಿಗೆಗೆ, ವಾರಕ್ಕೆ 200 ಗ್ರಾಂ ಸಕ್ಕರೆ, ಅಷ್ಟೇ ತೂಕದ ನೀರು. ನೀರು ಕುದಿಸಿ, ಸಕ್ಕರೆ ಕರಗಿಸಿ, ಪೂರ್ತಿ ಆರಿಸಿ. ಬೆಲ್ಲ ಹಾಕಬೇಡಿ, ಹುಳುಗಳಿಗೆ ಭೇದಿ ಆಗುತ್ತದೆ. ತೆಂಗಿನ ಚಿಪ್ಪಿಗೆ ಹುಯ್ದು, ಹುಳುಗಳು ಮುಳುಗದಂತೆ ಮೇಲೆ ನಾಲ್ಕು ಕಡ್ಡಿ ತೇಲಿಬಿಟ್ಟು, ಸಂಜೆ ಪೆಟ್ಟಿಗೆಯೊಳಗೆ ಇಡಿ. ಹಗಲು ಕೊಟ್ಟರೆ, ಅಥವಾ ಹೊರಗೆ ಒಂದು ಹನಿ ಚೆಲ್ಲಿದರೆ, ಪಕ್ಕದ ಪೆಟ್ಟಿಗೆಯ ಹುಳುಗಳು ಕದಿಯಲು ಬಂದು ಜಗಳ ಶುರುವಾಗುತ್ತದೆ. ಎಲ್ಲ ಪೆಟ್ಟಿಗೆಗೂ ಒಂದೇ ಸಂಜೆ ಕೊಡಿ. ಜಡಿಮಳೆಯಲ್ಲಿ ತೆರೆಯಬೇಡಿ. ಮಳೆ ಸ್ವಲ್ಪ ಬಿಟ್ಟಾಗ ಬೇಗ ಇಟ್ಟು ಮುಚ್ಚಿ. ಈ ನಾಲ್ಕು ತಿಂಗಳಲ್ಲಿ ಸಂಘ ಇದ್ದುದಕ್ಕೇ ನಮ್ಮ ಜೇನು ಉಳಿಯಿತು. ಒಬ್ಬರಿಗೆ ಜ್ವರ, ಇನ್ನೊಬ್ಬರಿಗೆ ನಾಟಿ ಕೆಲಸ. ಒಬ್ಬಂಟಿಯಾಗಿದ್ದರೆ ಆ ವಾರ ಪಾಕ ತಪ್ಪುತ್ತಿತ್ತು. ಸಕ್ಕರೆಯ ಖರ್ಚನ್ನು ಜೇನು ಮಾರಿದ ದುಡ್ಡಿನಿಂದ ಮೊದಲೇ ತೆಗೆದಿಡುತ್ತೇವೆ.

ಮರಿಗಳನ್ನೂ ನೋಡುತ್ತಿರಿ. ಮುಚ್ಚಳವಿಲ್ಲದ ಕೋಶದಲ್ಲಿ ಮರಿ ತಲೆ ಎತ್ತಿ ಸತ್ತಿದ್ದರೆ, ಎಳೆದಾಗ ನೀರು ತುಂಬಿದ ಚೀಲದ ಹಾಗೆ ಬಂದರೆ, ಅದು ಥಾಯ್ ಸ್ಯಾಕ್‌ಬ್ರೂಡ್ ರೋಗ. 1990ರ ದಶಕದ ಶುರುವಿನಲ್ಲಿ ದಕ್ಷಿಣ ಭಾರತದ ತುಡುವೆ ಜೇನನ್ನು ಹೆಚ್ಚುಕಡಿಮೆ ನೆಲಸಮ ಮಾಡಿದ್ದು ಇದೇ ವೈರಸ್. ದೊಡ್ಡಕ್ಕನ ತವರಿನ ಪೆಟ್ಟಿಗೆಗಳೂ ಆಗಲೇ ಹೋದವಂತೆ. ಇದಕ್ಕೆ ಔಷಧಿ ಇಲ್ಲ. ಆ ಪೆಟ್ಟಿಗೆಯನ್ನು ದೂರ ಇಡಿ. ಅದರ ಎರಿಯನ್ನು ಬೇರೆಯದಕ್ಕೆ ಹಾಕಬೇಡಿ, ಕೈ ತೊಳೆಯದೆ ಇನ್ನೊಂದನ್ನು ಮುಟ್ಟಬೇಡಿ.

ಅಕ್ಟೋಬರಿನ ಕಾವೇರಿ ತೀರ್ಥೋದ್ಭವ ಕಳೆದು ಮಳೆ ಹಿಂದೆ ಸರಿದು, ಹೂ ಸಿಗತೊಡಗಿದಾಗ ಪಾಕ ಕಡಿಮೆ ಮಾಡುತ್ತೇವೆ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದು ಎಂಟು–ಹತ್ತು ದಿನಕ್ಕೆ ರೋಬಸ್ಟಾ ಕಾಫಿ ಅರಳುತ್ತದೆ, ಅಷ್ಟರೊಳಗೆ ಜೇನು ಕೋಣೆ ಏರಿಸಿರಬೇಕು. ಆ ವಾರ ಔಷಧಿ ಹೊಡೆಯಬೇಡಿ ಅಂತ ಅಕ್ಕಪಕ್ಕದ ತೋಟದವರನ್ನು ಕೇಳಿಕೊಳ್ಳಿ. ರೋಬಸ್ಟಾ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು, ಹುಳು ಬಂದರೆ ಅವರಿಗೂ ಲಾಭ ಅಲ್ವಾ? ಎರಿಯ ಮುಕ್ಕಾಲು ಭಾಗಕ್ಕೆ ಮೇಣದ ಮುಚ್ಚಳ ಬಿದ್ದ ಮೇಲಷ್ಟೇ ಜೇನು ತೆಗೆಯಿರಿ, ಅದೂ ಮೇಲಿನ ಕೋಣೆಯಿಂದ ಮಾತ್ರ.

ಕುಟುಂಬ ಬಲವಾಗಿ ಎರಿಯ ಅಂಚಿನಲ್ಲಿ ರಾಣಿ ಕೋಶ (ಹೊಸ ರಾಣಿ ಬೆಳೆಯುವ ಗೂಡು) ಇಳಿದರೆ ಕುಟುಂಬವನ್ನು ಎರಡು ಪಾಲು ಮಾಡುವ ಹೊತ್ತು. ರಾಣಿ ಇರುವ ಎರಿಯನ್ನೂ ಇನ್ನೆರಡು ಎರಿಗಳನ್ನೂ ಹುಳುಗಳ ಸಮೇತ ಹೊಸ ಪೆಟ್ಟಿಗೆಗೆ ಹಾಕಿ ದೂರ ಸಾಗಿಸಿ. ಹಳೆಯದರಲ್ಲಿ ಒಂದೇ ಒಳ್ಳೆಯ ರಾಣಿ ಕೋಶ ಉಳಿಸಿ. ಹಾಗೆ ಮಾಡಿದ ಪೆಟ್ಟಿಗೆಯೊಂದನ್ನು ಈ ವರ್ಷ ಲೈನ್ ಮನೆಯಲ್ಲಿರುವ (ತೋಟದ ಕೆಲಸದವರ ಸಾಲು ಮನೆ) ನಮ್ಮ ಸದಸ್ಯೆಗೆ ಕೊಟ್ಟೆವು. ಮಾಲೀಕರನ್ನು ಕೇಳಿ ಹಲಸಿನ ಮರದ ಕೆಳಗೆ ಇಟ್ಟಿದ್ದಾಳೆ. ಕಳೆದ ಭಾನುವಾರ ತೆರೆದಾಗ ಐದು ಎರಿಯಲ್ಲೂ ಮೊಟ್ಟೆ ಇತ್ತು.