ಅಗ್ರಿಮೆಂಟ್ ಆಯಿತು, ರಿಜಿಸ್ಟ್ರೇಷನ್ ಬಾಕಿ: ನಡುವಿನ ದಿನಗಳ ಕೆಲಸ

ಮನೆ ಕೊಳ್ಳುವ ಕರಾರಿಗೆ ಸಹಿ ಬಿದ್ದ ಸಂಜೆ ಸಿಹಿ ಹಂಚುವವರುಂಟು. ಹಂಚಲಿ, ಬೇಡವೆನ್ನುವವರು ಯಾರು? ಆದರೆ ಆ ಸಹಿಯಿಂದ ಮನೆಯ ಒಂದು ಇಟ್ಟಿಗೆಯೂ ನಿಮ್ಮದಾಗಿರುವುದಿಲ್ಲ. ಕ್ರಯದ ಕರಾರು ಆಸ್ತಿಯ ಮೇಲೆ ತಾನಾಗಿ ಯಾವ ಹಕ್ಕನ್ನೂ ಕೊಡುವುದಿಲ್ಲ ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಮನೆ ನಿಮ್ಮದಾಗುವುದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾದ ಮೇಲೆ. ನಡುವೆ ಸಿಗುವ ಎರಡು ಮೂರು ತಿಂಗಳನ್ನು ಟೈಲ್ಸ್ ಅಂಗಡಿ, ಬಣ್ಣದ ಅಂಗಡಿ ಸುತ್ತುವುದರಲ್ಲಿ ಕಳೆದು, ಕೊನೆಯ ವಾರ ವಕೀಲರ ಬೆನ್ನು ಹತ್ತುವವರೇ ಹೆಚ್ಚು. ಟೈಲ್ಸ್ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಕಾಗದ, ಆಮೇಲೆ ಹಣ, ಅದರ ನಂತರ ಮಿಕ್ಕಿದ್ದು.

ಗಡುವಿನಿಂದ ಹಿಂದಕ್ಕೆ ಎಣಿಸಿ

ಕರಾರಿನಲ್ಲಿ ಬರೆದ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಬ್ಯಾಂಕಿನ ವಕೀಲರು ದಾಖಲೆ ನೋಡಬೇಕು, ಎಂಜಿನಿಯರ್ ಬಂದು ಮನೆಯ ಬೆಲೆ ಕಟ್ಟಬೇಕು, ಆಮೇಲೆ ಸಾಲ ಮಂಜೂರಾಗಬೇಕು. ನಡುವೆ ಆಷಾಢ ಬರುತ್ತದೆಯೇ ನೋಡಿ. ಮಾರುವವರ ಮನೆಯ ಹಿರಿಯರು ಆಷಾಢದಲ್ಲಿ ಸಹಿ ಹಾಕಲು ಒಪ್ಪದಿದ್ದರೆ ಒಂದು ತಿಂಗಳು ಕೈಬಿಟ್ಟಿತೆಂದೇ ತಿಳಿಯಿರಿ. ಎರಡೂ ಕಡೆಯವರಿಗೆ ಅಂಥ ಹಂಗಿಲ್ಲವಾದರೆ ಅದೇ ಒಳ್ಳೆಯ ಸಮಯ. ಕಚೇರಿಗಳಲ್ಲಿ ಜನ ಕಡಿಮೆ.

ಗಡುವು ಮೀರುವಂತಿದ್ದರೆ ವಿಸ್ತರಣೆಯನ್ನು ಬರವಣಿಗೆಯಲ್ಲಿ, ಇಬ್ಬರ ಸಹಿಯೊಂದಿಗೆ ಪಡೆಯಿರಿ. ‘ಆಗಲಿ ಸಾರ್, ನೋಡೋಣ’ ಎಂಬ ಫೋನ್ ಮಾತು ನಾಳೆ ನೆಲದ ಬೆಲೆ ಏರಿದಾಗ ನೆನಪಿರುವುದಿಲ್ಲ. ಮಾರುವವರು ತಿರುಗಿಬಿದ್ದು ವಿಷಯ ನ್ಯಾಯಾಲಯಕ್ಕೆ ಹೋದರೆ, ಉದ್ದಕ್ಕೂ ಹಣದೊಂದಿಗೆ ಸಿದ್ಧರಿದ್ದಿರಿ ಎಂಬುದನ್ನು ನೀವೇ ತೋರಿಸಬೇಕಾಗುತ್ತದೆ. ಸಾಲ ಮಂಜೂರಾತಿ ಪತ್ರ, ಆ ಅವಧಿಯ ಬ್ಯಾಂಕ್ ಸ್ಟೇಟ್‌ಮೆಂಟ್, ಕಳಿಸಿದ ಇಮೇಲ್‌ಗಳನ್ನು ಒಂದೇ ಫೈಲಿನಲ್ಲಿ ಇಡಿ.

ಕರಾರನ್ನು ಇನ್ನೂ ನೋಂದಾಯಿಸಿಲ್ಲವಾದರೆ, ಮುಂಗಡ ದೊಡ್ಡದಿದ್ದಾಗ ನೋಂದಾಯಿಸುವುದೇ ಲೇಸು. ಅದು ಋಣಭಾರ ಪತ್ರದಲ್ಲಿ, ಅಂದರೆ ಆಸ್ತಿಯ ನೋಂದಾಯಿತ ವ್ಯವಹಾರಗಳನ್ನು ಪಟ್ಟಿ ಮಾಡುವ, ಎಲ್ಲರ ಬಾಯಲ್ಲಿರುವ ‘ಇಸಿ’ಯಲ್ಲಿ ಕಾಣಿಸುವುದರಿಂದ ಅದೇ ಮನೆಯನ್ನು ಇನ್ನೊಬ್ಬರಿಗೆ ಮಾರುವುದು ಸುಲಭವಾಗುವುದಿಲ್ಲ. ಆದರೆ ಕರಾರಿನಲ್ಲೇ ‘ಸ್ವಾಧೀನ ಕೊಟ್ಟಿದ್ದೇವೆ’ ಎಂದು ಬರೆಸಬೇಡಿ. ಹಾಗೆ ಬರೆಸಿದರೆ ಕ್ರಯಪತ್ರಕ್ಕೆ ಕೊಡುವಷ್ಟೇ ಮುದ್ರಾಂಕ ಶುಲ್ಕವನ್ನು ಆಗಲೇ ಕೇಳುತ್ತಾರೆ.

ಕೈಯಿಂದ ಹೋಗುವ ಹಣ ಎಷ್ಟು?

80 ಲಕ್ಷ ರೂಪಾಯಿಯ ಫ್ಲಾಟ್ ಎಂದುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 30 ಲಕ್ಷದವರೆಗಿನ ಸಾಲವಾದರೆ ಆಸ್ತಿ ಬೆಲೆಯ ಶೇ 90, 30ರಿಂದ 75 ಲಕ್ಷದ ಸಾಲಕ್ಕೆ ಶೇ 80, ಅದಕ್ಕೂ ಮೇಲಿನದಕ್ಕೆ ಶೇ 75ರವರೆಗೆ ಕೊಡಬಹುದು. ನಿಮ್ಮ ಸಂಬಳ ಒಪ್ಪಿದರೆ 64 ಲಕ್ಷ ಸಾಲ ಸಿಕ್ಕಿತು, 16 ಲಕ್ಷ ನಿಮ್ಮದು. ಲೆಕ್ಕ ಇಲ್ಲಿಗೇ ಮುಗಿಯಿತೆಂದು ತಿಳಿದವರು ನೋಂದಣಿಯ ವಾರದಲ್ಲಿ ಚಿನ್ನ ಅಡವಿಡಲು ಓಡುತ್ತಾರೆ. ಏಕೆಂದರೆ ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನು ಬ್ಯಾಂಕು ಆಸ್ತಿಯ ಬೆಲೆಗೆ ಸೇರಿಸಿಕೊಳ್ಳುವುದಿಲ್ಲ.

ಕರ್ನಾಟಕದ ನಗರ ವ್ಯಾಪ್ತಿಯಲ್ಲಿ ಇಂಥ ಫ್ಲಾಟಿಗೆ ಮುದ್ರಾಂಕ ಶುಲ್ಕ ಶೇ 5, ಅಂದರೆ 4 ಲಕ್ಷ. ಆ ಶುಲ್ಕದ ಮೇಲೆ ಶೇ 10 ಸೆಸ್, ಶೇ 2 ಸರ್‌ಚಾರ್ಜ್ ಸೇರಿ 48 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ, ಅದು 1.60 ಲಕ್ಷ. ಒಟ್ಟು 6.08 ಲಕ್ಷ ರೂಪಾಯಿ ನಿಮ್ಮ ಉಳಿತಾಯದಿಂದಲೇ ಹೋಗಬೇಕು. ಹಳೆಯ ಬರಹಗಳಲ್ಲಿ ಕಾಣುವ ‘ಶೇ 6.6’ರ ಲೆಕ್ಕ ಈಗ ನಡೆಯದು. ಸರ್ಕಾರದ ಮಾರ್ಗಸೂಚಿ ದರ (ಆಯಾ ಪ್ರದೇಶದ ಆಸ್ತಿಗೆ ನಿಗದಿ ಮಾಡಿದ ಕನಿಷ್ಠ ಬೆಲೆ) ನಿಮ್ಮ ಖರೀದಿ ಬೆಲೆಗಿಂತ ಹೆಚ್ಚಿದ್ದರೆ ಶುಲ್ಕ ಆ ಹೆಚ್ಚಿನ ಮೊತ್ತದ ಮೇಲೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನಿಮ್ಮ ಬೀದಿಯ ದರ ಎಷ್ಟೆಂದು ಇಂದೇ ನೋಡಿಕೊಳ್ಳಿ. ವಕೀಲರ ಫೀಸು, ಬ್ಯಾಂಕಿನ ಸಂಸ್ಕರಣಾ ಶುಲ್ಕ, ಸಾಲಕ್ಕಾಗಿ ಮೂಲ ಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸುವ ಠೇವಣಿ ದಾಖಲೆಯ ಖರ್ಚು, ಅಸೋಸಿಯೇಷನ್ನಿನ ವರ್ಗಾವಣೆ ಶುಲ್ಕ, ಇವೆಲ್ಲ ಬೇರೆ.

ಇನ್ನು ‘ಸ್ವಲ್ಪ ಕ್ಯಾಷ್’ ಕೇಳುವವರ ವಿಷಯ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಹೆಚ್ಚಿನದನ್ನು ನಗದಾಗಿ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ನಿಮಗೂ ಪೆಟ್ಟಿದೆ: ಕ್ರಯಪತ್ರದಲ್ಲಿ ಬೆಲೆ ಕಡಿಮೆ ತೋರಿಸಿದರೆ ಮುಂದೆ ನೀವು ಮಾರುವಾಗ ಲಾಭ ದೊಡ್ಡದಾಗಿ ಕಂಡು, ಅದರ ತೆರಿಗೆ ನಿಮ್ಮ ತಲೆಗೆ ಬರುತ್ತದೆ.

ಶೇ 1ರ ತೆರಿಗೆ ಮರೆಯಬೇಡಿ

ಬೆಲೆ 50 ಲಕ್ಷ ಅಥವಾ ಮೇಲಿದ್ದರೆ, ಮಾರುವವರಿಗೆ ಕೊಡುವ ಹಣದಲ್ಲಿ ಶೇ 1ರಷ್ಟು ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟುವ ಹೊಣೆ ಕೊಳ್ಳುವವರದು. ಮೇಲಿನ ಫ್ಲಾಟಿಗೆ 80 ಸಾವಿರ. ಇದು ಹೆಚ್ಚುವರಿ ಖರ್ಚಲ್ಲ, ಬೆಲೆಯಲ್ಲೇ ಮುರಿದುಕೊಳ್ಳುವುದು. ಮುಂಗಡ ಕೊಟ್ಟಾಗಲೂ ಹಿಡಿಯಬೇಕು. ಹಿಡಿದ ತಿಂಗಳು ಮುಗಿದು 30 ದಿನದೊಳಗೆ ಕಟ್ಟಬೇಕು. ಕರಾರಿನ ದಿನ ಕೊಟ್ಟ ಹತ್ತು ಲಕ್ಷಕ್ಕೆ ಹಿಡಿದಿರಾ? ಇಲ್ಲವಾದರೆ ಈಗಲೇ ಲೆಕ್ಕಪರಿಶೋಧಕರನ್ನು ಕೇಳಿ ಸರಿಪಡಿಸಿ, ತಡವಾದಷ್ಟೂ ಬಡ್ಡಿ ಬೆಳೆಯುತ್ತದೆ. ಮಾರುವವರು ಅನಿವಾಸಿ ಭಾರತೀಯರಾದರೆ ಈ ಶೇ 1ರ ನಿಯಮ ಅನ್ವಯಿಸದು. ಹಿಡಿಯಬೇಕಾದ ತೆರಿಗೆ ಬಹಳ ಹೆಚ್ಚು. ಅಂಥ ಖರೀದಿಯಲ್ಲಿ ಲೆಕ್ಕಪರಿಶೋಧಕರಿಲ್ಲದೆ ಒಂದು ಹೆಜ್ಜೆಯೂ ಇಡಬೇಡಿ.

ಹೆಸರು, ಸಂಖ್ಯೆ, ಚಕ್ಕುಬಂದಿ

ಕೆಲಸವೆಲ್ಲ ಇರುವುದು ಇಲ್ಲಿ. ಬೆಂಗಳೂರಿನ ಒಂದೇ ಮನೆಗೆ ಎಷ್ಟು ವಿಳಾಸಗಳಿರುತ್ತವೆಂದರೆ ಅಂಚೆಯವರಿಗೂ ತಲೆ ತಿರುಗಬೇಕು. ಹಳ್ಳಿಯಾಗಿದ್ದಾಗ ಸರ್ವೆ ನಂಬರು, ಪಂಚಾಯಿತಿ ಕಾಲದಲ್ಲಿ ಇನ್ನೊಂದು ಸಂಖ್ಯೆ, ನಗರಸಭೆ ಬಂದಾಗ ಮತ್ತೊಂದು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಸೇರಿ ಬಿಬಿಎಂಪಿ ಆದ ಮೇಲೆ ಪಿಐಡಿ ಎಂಬ ಆಸ್ತಿ ಗುರುತಿನ ಸಂಖ್ಯೆ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿಯೂ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳಿವೆ. ಹೆಸರು ಬದಲಾದದ್ದು ದೋಷವಲ್ಲ. ಆದರೆ ಹಳೆಯ ಸಂಖ್ಯೆಯೇ ಹೊಸದಾಯಿತು ಎಂದು ತೋರಿಸುವ ಕಾಗದ ಪ್ರತಿ ಹಂತದಲ್ಲೂ ಇರಬೇಕು.

ಮೂಲ ಪತ್ರದಿಂದ ಇಂದಿನ ಖಾತಾವರೆಗಿನ (ತೆರಿಗೆಗಾಗಿ ಪಾಲಿಕೆ ಇಡುವ ಆಸ್ತಿ ದಾಖಲೆ) ಎಲ್ಲ ಪತ್ರಗಳನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ, ಷೆಡ್ಯೂಲಿನ, ಅಂದರೆ ಆಸ್ತಿಯ ಅಳತೆ ಮತ್ತು ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಬರೆದ ಭಾಗವನ್ನು ಮಾತ್ರ ಓದುತ್ತಾ ಹೋಗಿ. ಒಂದು ಪತ್ರದಲ್ಲಿ ‘ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ 14ನೇ ನಂಬರಿನ ನಿವೇಶನ’ ಎಂದಿದ್ದು, ಮುಂದಿನದರಲ್ಲಿ ರಸ್ತೆ ಪಶ್ಚಿಮಕ್ಕೆ ಸರಿದಿದ್ದರೆ ಯಾರೋ ನಕಲು ಮಾಡುವಾಗ ಎಡವಿದ್ದಾರೆ ಎಂದರ್ಥ. 30 ಅಡಿ 40 ಅಡಿಯ ನಿವೇಶನ ಇನ್ನೊಂದು ಪತ್ರದಲ್ಲಿ 30 ಅಡಿ 38 ಅಡಿಯಾಗಿರಬಹುದು. ಟೇಪು ಹಿಡಿದು ನೀವೇ ಅಳೆಯಿರಿ. ತಪ್ಪು ಸಿಕ್ಕರೆ ಮಾರುವವರಿಂದಲೇ, ನಿಮ್ಮ ನೋಂದಣಿಗೆ ಮೊದಲೇ, ತಿದ್ದುಪಡಿ ಪತ್ರ ಮಾಡಿಸಿ. ಹಣ ಕೈಸೇರಿದ ಮೇಲೆ ಅವರು ನಿಮ್ಮ ಫೋನ್ ಎತ್ತುವ ಖಾತರಿಯಿಲ್ಲ. ಮಾರುವವರ ಹೆಸರು ಆಧಾರ್, ಪ್ಯಾನ್, ಖಾತಾ, ಹಳೆಯ ಕ್ರಯಪತ್ರಗಳಲ್ಲಿ ಒಂದೇ ರೀತಿ ಇದೆಯೇ ಎಂಬುದೂ ಅಷ್ಟೇ ಮುಖ್ಯ. ಇನಿಷಿಯಲ್ಲು ಹಿಂದೆ ಮುಂದೆ ಆಗಿರುವುದು ನಮ್ಮಲ್ಲಿ ಮಾಮೂಲು.

2024ರ ಅಕ್ಟೋಬರಿನಿಂದ ಇ-ಖಾತಾ (ಖಾತಾದ ಡಿಜಿಟಲ್ ರೂಪ) ಇಲ್ಲದೆ ನಗರದ ಆಸ್ತಿಯ ನೋಂದಣಿ ನಡೆಯುವುದಿಲ್ಲ. ಅದನ್ನು ಪಡೆಯಬೇಕಾದವರು ಮಾರುವವರು. ಅವರ ಆಧಾರ್, ಆಸ್ತಿ ತೆರಿಗೆ ರಸೀದಿ, ನೋಂದಾಯಿತ ಪತ್ರ, ಇಸಿ, ಮನೆಯ ಫೋಟೊ ಬೇಕು. ‘ಕೊನೆಗೆ ಮಾಡಿಸೋಣ’ ಎಂದರೆ ಒಪ್ಪದೆ ಮೊದಲ ವಾರವೇ ಅರ್ಜಿ ಹಾಕಿಸಿ. ನಿಯಮಬದ್ಧ ಆಸ್ತಿಯ ಎ ಖಾತಾ ಎಂದು ಹೇಳಿ, ನಿಯಮ ಪೂರೈಸದ ಆಸ್ತಿಯ ಬಿ ಖಾತಾ ತೋರಿಸಿದರೆ ಬ್ಯಾಂಕು ಸಾಲಕ್ಕೆ ಹಿಂದೇಟು ಹಾಕಬಹುದು. ಅಪಾರ್ಟ್‌ಮೆಂಟ್ ಆದರೆ ಸ್ವಾಧೀನಾನುಭವ ಪತ್ರ (ಕಟ್ಟಡದಲ್ಲಿ ವಾಸಿಸಬಹುದೆಂದು ಪಾಲಿಕೆ ಕೊಡುವ ‘ಒಸಿ’), ಅಸೋಸಿಯೇಷನ್ನಿನ ‘ಬಾಕಿ ಇಲ್ಲ’ ಪತ್ರ, ನೆಲದಲ್ಲಿ ನಿಮ್ಮ ಅವಿಭಜಿತ ಪಾಲು ಎಷ್ಟು, ಕಾರು ನಿಲ್ಲಿಸುವ ಜಾಗ ಯಾವುದು, ಇಷ್ಟನ್ನೂ ಕಾಗದದಲ್ಲಿ ನೋಡಬೇಕು. ‘ಪಾರ್ಕಿಂಗ್ ಇದೆ ಸಾರ್’ ಎಂಬ ಮಾತಿಗೆ ಬೆಲೆಯಿಲ್ಲ, ಕ್ರಯಪತ್ರದಲ್ಲಿ ಬರಬೇಕು.

ಆಸ್ತಿ ಪಿತ್ರಾರ್ಜಿತವಾದರೆ ವಂಶವೃಕ್ಷ ತರಿಸಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರೂ ಅದರಲ್ಲಿ ಇದೆಯೇ ನೋಡಿ. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಅವರಿಗೂ ಸಮಪಾಲು. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತಷ್ಟು ಖಚಿತಪಡಿಸಿತು. ‘ನಮ್ಮಕ್ಕನಿಗೆ ಮದುವೆಯಲ್ಲಿ ಎಲ್ಲಾ ಕೊಟ್ಟಾಗಿದೆ’ ಎಂಬ ಸಮಜಾಯಿಷಿಗೆ ತಲೆಯಾಡಿಸಿ ಸುಮ್ಮನಾಗಬೇಡಿ. ಅಕ್ಕನೂ ಕ್ರಯಪತ್ರಕ್ಕೆ ಸಹಿ ಹಾಕಬೇಕು. ವಕೀಲರ ಮೂಲಕ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯುವುದೂ ಒಳ್ಳೆಯದು.

ಹಳೆಯ ಸಾಲ, ಹಳೆಯ ಲೀಸು

ಮಾರುವವರ ಸಾಲ ಬಾಕಿಯಿದ್ದರೆ, ಅವರ ಬ್ಯಾಂಕಿನಿಂದ ಚುಕ್ತಾ ಮೊತ್ತದ ಪತ್ರ ಮತ್ತು ಅಲ್ಲಿರುವ ಮೂಲ ದಾಖಲೆಗಳ ಪಟ್ಟಿ ಪಡೆಯಿರಿ. ಆ ಮೊತ್ತದ ಡಿಡಿ ನೇರ ಆ ಬ್ಯಾಂಕಿನ ಹೆಸರಿಗೇ ಹೋಗಲಿ. ಸಾಲ ತೀರಿದ 30 ದಿನದೊಳಗೆ ಮೂಲ ಪತ್ರ ಹಿಂದಿರುಗಿಸಬೇಕು, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ.

ಬೆಂಗಳೂರಿನದೇ ಆದ ಇನ್ನೊಂದು ತೊಡಕು ಲೀಸು. ಕೆಳಮನೆಯವರು ಬಾಡಿಗೆ ಕೊಡುವುದಿಲ್ಲ. ಹತ್ತೋ ಹದಿನೈದೋ ಲಕ್ಷ ಒಮ್ಮೆಲೇ ಕೊಟ್ಟು ಕೂತಿರುತ್ತಾರೆ. ಆ ಹಣ ಮಾರುವವರ ಬಳಿ ಇರುವುದಿಲ್ಲ, ನಿಮ್ಮ ಹಣದಲ್ಲೇ ತೀರಿಸುವ ಯೋಚನೆ ಅವರದು. ಹಣ ಬಾರದೆ ಬಾಡಿಗೆದಾರರು ಖಾಲಿ ಮಾಡುವುದಿಲ್ಲ, ಖಾಲಿಯಾಗದೆ ನೀವು ಹಣ ಕೊಡುವುದಿಲ್ಲ. ಪರಿಹಾರ ಇಷ್ಟೇ: ಲೀಸಿನ ಮೊತ್ತಕ್ಕೆ ಬಾಡಿಗೆದಾರರ ಹೆಸರಲ್ಲೇ ಬೇರೆ ಡಿಡಿ ತೆಗೆಸಿ, ಅದನ್ನು ಬೆಲೆಯ ಭಾಗವೆಂದು ಮಾರುವವರಿಂದ ಬರೆಸಿಕೊಂಡು, ಮನೆ ಖಾಲಿಯಾಗಿ ಬೀಗದ ಕೈ ನಿಮ್ಮ ಕೈಗೆ ಬಂದ ಕ್ಷಣ ರಸೀದಿ ಪಡೆದು ಕೊಡಿ. ಇದನ್ನು ನೋಂದಣಿಯ ನಂತರಕ್ಕೆ ದೂಡಿದರೆ ಬಾಡಿಗೆದಾರರ ತಗಾದೆ ನಿಮಗೆ ಬಳುವಳಿಯಾಗಿ ಬರುತ್ತದೆ.

ಕರಡು, ಕಾವೇರಿ ಮತ್ತು ಆ ದಿನ

ಕ್ರಯಪತ್ರದ ಕರಡನ್ನು ಕನಿಷ್ಠ ಒಂದು ವಾರ ಮೊದಲು ತರಿಸಿಕೊಂಡು, ಮನೆಯವರೊಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಮೂಲ ಪತ್ರ ಹಿಡಿದು ತಾಳೆ ನೋಡಲಿ. ಕಾವೇರಿ 2.0ರಲ್ಲಿ ವಿವರ ತುಂಬಿ ಕರಡು ಮತ್ತು ದಾಖಲೆಗಳನ್ನು ಹಾಕಿದರೆ ಕಚೇರಿಯಲ್ಲಿ ಪರಿಶೀಲಿಸುತ್ತಾರೆ. ಒಪ್ಪಿದ ಮೇಲೆ ಶುಲ್ಕ ಕಟ್ಟಿ ಸಮಯ ಕಾಯ್ದಿರಿಸಬೇಕು. ಗಡುವಿನ ಕಟ್ಟಕಡೆಯ ದಿನವನ್ನು ಮಾತ್ರ ಆರಿಸಬೇಡಿ. 2025ರ ಆರಂಭದಲ್ಲಿ ಸರ್ವರ್ ಕೈಕೊಟ್ಟು ರಾಜ್ಯದಾದ್ಯಂತ ನೋಂದಣಿ ನಿಂತದ್ದು ಹಲವರಿಗೆ ನೆನಪಿರಬೇಕು. ರಾಹುಕಾಲ ಬಿಟ್ಟು ಸಮಯ ಸಿಕ್ಕರೆ ಸಂತೋಷ, ಸಿಗದಿದ್ದರೆ ಗಣಪತಿಗೆ ಕೈಮುಗಿದು ಹೊರಡಿ.

ಹಿಂದಿನ ದಿನ ಎರಡು ಕೆಲಸ: ಇನ್ನೊಮ್ಮೆ ಹೊಸ ಇಸಿ ತೆಗೆಯುವುದು, ಮನೆಗೆ ಹೋಗಿ ಬರುವುದು. ಕರಾರಿನ ದಿನದ ಇಸಿ ಆ ದಿನಕ್ಕಷ್ಟೇ ಸತ್ಯ. ಮನೆಯಲ್ಲಿ ಸಂಪಿನ ಮೋಟರ್, ಗೀಸರ್, ಬಿಟ್ಟುಹೋಗುತ್ತೇವೆಂದ ವಾರ್ಡ್‌ರೋಬ್ ಇವೆಯೇ ನೋಡಿ, ಬೆಸ್ಕಾಂ ಮೀಟರಿನ ಅಂಕಿ ಮತ್ತು ವಿದ್ಯುತ್ ಸಂಪರ್ಕದ ಆರ್‌ಆರ್ ಸಂಖ್ಯೆಯ ಫೋಟೊ ತೆಗೆಯಿರಿ. ಅಂದಿನವರೆಗಿನ ವಿದ್ಯುತ್, ನೀರು, ಆಸ್ತಿ ತೆರಿಗೆ ಮಾರುವವರ ಲೆಕ್ಕಕ್ಕೆ.

ನೋಂದಣಿ ಕಚೇರಿಯಲ್ಲಿ ಫೋಟೊ, ಹೆಬ್ಬೆಟ್ಟು, ಸಹಿ, ಇಬ್ಬರು ಸಾಕ್ಷಿಗಳು. ಎಲ್ಲರೂ ಮೂಲ ಗುರುತಿನ ಚೀಟಿ ತರಬೇಕು. ಮಾರುವವರಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ ಅಧಿಕಾರಿಯೇ ಮನೆಗೆ ಬಂದು ಸಹಿ ಪಡೆಯಲು ಕಾನೂನಿನಲ್ಲಿ ಅವಕಾಶವಿದೆ. ಮೊದಲೇ ಅರ್ಜಿ ಕೊಡಿ. ಪ್ರತಿ ಡಿಡಿಯ ಸಂಖ್ಯೆ, ದಿನಾಂಕ, ಮೊತ್ತ ಕ್ರಯಪತ್ರದಲ್ಲಿರಬೇಕು. ಡಿಡಿಗಳು ಕೈ ಬದಲಾಗುವುದು ಸಹಿಗಳೆಲ್ಲ ಬಿದ್ದ ಮೇಲೆ.

ನೋಂದಾಯಿತ ಪತ್ರವನ್ನು ಸಾಲ ಕೊಟ್ಟ ಬ್ಯಾಂಕು ಒಯ್ಯುತ್ತದೆ. ಒಪ್ಪಿಸಿದ ಪ್ರತಿಯೊಂದು ಮೂಲ ದಾಖಲೆಯ ಹೆಸರಿರುವ ಪಟ್ಟಿಗೆ ಬ್ಯಾಂಕಿನ ಮೊಹರು ಹಾಕಿಸಿಕೊಳ್ಳಿ, ಒಂದು ದೃಢೀಕೃತ ನಕಲು ನಿಮ್ಮ ಬಳಿ ಇರಲಿ. ಖಾತಾ ತಾನಾಗಿಯೇ ಬದಲಾಗುತ್ತದೆ ಎಂದು ಕೂರದೆ ಪಾಲಿಕೆಯ ಇ-ಆಸ್ತಿ ಜಾಲತಾಣದಲ್ಲಿ ಆಗಾಗ ವಿಚಾರಿಸಿ. ಖಾತಾ ನಿಮ್ಮ ಹೆಸರಿಗೆ ಬಂದ ಮೇಲೆ ಬೆಸ್ಕಾಂ ಮತ್ತು ಜಲಮಂಡಳಿಯಲ್ಲಿ ಹೆಸರು ಬದಲಾಯಿಸಲು ಅರ್ಜಿ ಕೊಡಬಹುದು. ಕೊನೆಯ ಕಂತಿನ ಟಿಡಿಎಸ್ ಕಟ್ಟಿ ಅದರ ಪ್ರಮಾಣಪತ್ರವನ್ನು ಮಾರಿದವರಿಗೆ ಕಳಿಸುವುದು ಇನ್ನೂ ಬಾಕಿ ಇರುತ್ತದೆ. ಗೃಹಪ್ರವೇಶದ ಗಡಿಬಿಡಿಯಲ್ಲಿ ಬಿಟ್ಟುಹೋಗುವುದು ಸಾಮಾನ್ಯವಾಗಿ ಅದೇ.